ಗರ್ಭಕಂಠದ ಕ್ಯಾನ್ಸರ್ ತಡೆ: ಮಗಳಿಗೆ ಲಸಿಕೆ, ಅಮ್ಮನಿಗೆ ತಪಾಸಣೆ

ಈ ಪಾಠದಲ್ಲಿ ಮೊದಲು ತಲೆಗೆ ಹತ್ತಬೇಕಾದ್ದು ಕಾಲದ ಲೆಕ್ಕ. ಈ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಗರ್ಭಕಂಠದಲ್ಲಿ, ಜನ ಗರ್ಭಕೋಶದ ಬಾಯಿ ಅಂತಾರಲ್ಲ, ಅಲ್ಲೇ ಉಳಿಯುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ನಮಗೆ ಸಿಗುವ ಸಮಯ ಅಷ್ಟು.

ಲಸಿಕೆಯ ಭಾಗ ಸುಲಭ. ಸುಮಾರು 70% ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಪಿವಿಯ 16 ಮತ್ತು 18ನೇ ತಳಿಗಳು ಕಾರಣ. ಲಸಿಕೆಯಲ್ಲಿರೋದು ವೈರಸ್‌ನ ಹೊರಕವಚದ ಪ್ರೋಟೀನ್ ಮಾತ್ರ, ಅದರಿಂದ ಸೋಂಕು ಬರೋಲ್ಲ. ವೈರಸ್ ಒಳಗೆ ಬರೋ ಮುಂಚೆಯೇ ಕೊಡಬೇಕು, ಅದಕ್ಕೇ 9ರಿಂದ 14ರ ವಯಸ್ಸು. ಸಿಕ್ಕಿಂ 2018ರಲ್ಲಿ ಶಾಲೆಗಳಲ್ಲೇ 9-13 ವರ್ಷದ ಹುಡುಗಿಯರಿಗೆ ಹಾಕಿ, 95%ಕ್ಕಿಂತ ಜಾಸ್ತಿ ಮಕ್ಕಳನ್ನು ತಲುಪಿತು. ಶಿಕ್ಷಕರು, ಪೋಷಕರ ಜೊತೆ ಮೊದಲೇ ಮಾತಾಡಿಕೊಂಡಿದ್ದರು. ನನ್ನ ಪ್ರಕಾರ ಅರ್ಧ ಗೆಲುವು ಅಲ್ಲೇ ಇತ್ತು.

ಆದರೆ ಈಗ 40 ದಾಟಿರುವ ಅಮ್ಮಂದಿರಿಗೆ ಲಸಿಕೆಯ ಕಾಲ ಮುಗಿದಿದೆ. ಅವರಿಗೆ ತಪಾಸಣೆಯೇ ದಾರಿ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ವಿಐಎ, ಅಂದರೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಲ್ಲೇ ನೋಡುವ ಪರೀಕ್ಷೆ, ಮಾಡಬೇಕು. ಹತ್ತಿ ಉಂಡೆಯನ್ನು 3-5% ಅಸಿಟಿಕ್ ಆಮ್ಲದಲ್ಲಿ ಅದ್ದಿ ಗರ್ಭಕಂಠಕ್ಕೆ ಒತ್ತಬೇಕು. ಆಮೇಲೆ ಪೂರ್ತಿ ಒಂದು ನಿಮಿಷ ಕಾಯಬೇಕು. ಬದಲಾದ ಜೀವಕೋಶಗಳಲ್ಲಿ ಪ್ರೋಟೀನ್ ಜಾಸ್ತಿ, ಅದು ಹೆಪ್ಪುಗಟ್ಟಿ ಆ ಜಾಗ ಬೆಳ್ಳಗಾಗುತ್ತದೆ. ನಾನು ಮೊದಮೊದಲು ಬಿಳಿ ಕಂಡರೆ ಸಾಕು, ಪಾಸಿಟಿವ್ ಅಂತ ಬರೆಯುತ್ತಿದ್ದೆ. ತಪ್ಪು. ತೆಳ್ಳಗಿದ್ದು ಬೇಗ ಮಾಸಿಹೋಗೋದು ಬೇರೆ, ಗರ್ಭಕಂಠದ ಎರಡು ಬಗೆಯ ಜೀವಕೋಶಗಳ ಪದರ ಕೂಡುವ ಗೆರೆಗೆ ಅಂಟಿಕೊಂಡ ದಟ್ಟ ಬಿಳಿ, ಸ್ಪಷ್ಟ ಅಂಚು, ಅದು ಬೇರೆ. ಪಾಸಿಟಿವ್ ಅಂದರೆ ಈ ಎರಡನೆಯದು. ಮುಟ್ಟು ನಿಂತವರಲ್ಲಿ ಆ ಗೆರೆ ಒಳಗೆ ಸರಿದುಹೋಗಿರುತ್ತದೆ, ಅವರಿಗೆ ವಿಐಎ ಅಷ್ಟು ನಂಬುವಂಥದ್ದಲ್ಲ.

ಇದು ನಿಜಕ್ಕೂ ಕೆಲಸ ಮಾಡುತ್ತದಾ? ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು 1.5 ಲಕ್ಷ ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ವಿಐಎ ಮಾಡಿದರು. ಗರ್ಭಕಂಠದ ಕ್ಯಾನ್ಸರ್‌ನ ಸಾವು 31% ಕಡಿಮೆಯಾಯಿತು. ಆದರೆ ಅದು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಒಂದೇ ಸಲದ ಎಚ್‌ಪಿವಿ ಪರೀಕ್ಷೆ (ಗರ್ಭಕಂಠದ ಮಾದರಿಯಲ್ಲಿ ವೈರಸ್ ಇದೆಯಾ ಅಂತ ನೋಡೋದು) ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು, ಒಂದೇ ಸಲದ ವಿಐಎ ಅಂಥ ಫಲ ತೋರಲಿಲ್ಲ. ವಿಐಎ ಅಗ್ಗ, ಆದರೆ ಒಮ್ಮೆ ಮಾಡಿ ಬಿಟ್ಟರೆ ಅಷ್ಟು ಫಲ ಇಲ್ಲ ಅಂತಲೇ ನಾನು ಓದಿಕೊಂಡಿದ್ದೇನೆ.

ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಗೆ ಸಿಗುವ ಮೊದಲ ಉತ್ತರ ಒಂದೇ: "ನಂಗೇನೂ ತೊಂದ್ರೆ ಇಲ್ವಲ್ಲಾ ಅಕ್ಕಾ, ಯಾಕೆ ತೋರಿಸ್ಬೇಕು?" ತೊಂದರೆ ಇಲ್ಲದಾಗಲೇ ತೋರಿಸಬೇಕು ಅನ್ನೋದೇ ಈ ಪಾಠದ ತಿರುಳು ಅಲ್ವಾ. ಸಂಭೋಗದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ವಾಸನೆಯ ಬಿಳಿ ಸೆರಗು ಬಂದವರನ್ನು ತಪಾಸಣೆಗಲ್ಲ, ನೇರ ಡಾಕ್ಟರ ಬಳಿ ಕಳಿಸಬೇಕು.

ಪರೀಕ್ಷೆಯಲ್ಲಿ ಕೇಳೋದು 90-70-90, ವಿಶ್ವ ಆರೋಗ್ಯ ಸಂಸ್ಥೆಯ 2030ರ ಗುರಿ. 15 ವರ್ಷದೊಳಗೆ 90% ಹುಡುಗಿಯರಿಗೆ ಲಸಿಕೆ. 70% ಮಹಿಳೆಯರಿಗೆ 35ರೊಳಗೆ ಒಮ್ಮೆ, ಮತ್ತೆ 45ರೊಳಗೆ ಒಮ್ಮೆ ಎಚ್‌ಪಿವಿ ಪರೀಕ್ಷೆಯಂಥ ಒಳ್ಳೆ ಪರೀಕ್ಷೆ. ದೋಷ ಕಂಡವರಲ್ಲಿ 90%ಕ್ಕೆ ಚಿಕಿತ್ಸೆ. ಎಲ್ಲರೂ ಮರೆಯೋದು ಕೊನೆಯ 90ನ್ನೇ. ಪಾಸಿಟಿವ್ ಬಂದವಳ ಕೈಗೆ ಚೀಟಿ ಕೊಟ್ಟು ದೊಡ್ಡಾಸ್ಪತ್ರೆಗೆ ಹೋಗಿ ಅಂದರೆ, ಬಸ್ ಚಾರ್ಜ್ ಮತ್ತು ಒಂದು ದಿನದ ಕೂಲಿ ಎರಡೂ ಅವಳದೇ.