ಕಿತ್ತಳೆ ಕೀಳ್ತಾ ತಿಂದಿದ್ದಕ್ಕೂ ದುಡ್ಡು ಕೊಡಬೇಕಾ?

ಪ್ರಶ್ನೆ: ಜನವರಿಯಲ್ಲಿ ಮೂಡಿಗೆರೆ ಕಡೆ ಒಂದು ಹೋಂಸ್ಟೇಗೆ ಹೋಗಿದ್ದೆವು. ತೋಟದಲ್ಲಿ ಕಿತ್ತಳೆ ನೀವೇ ಕಿತ್ತುಕೊಳ್ಳಿ, ಆಮೇಲೆ ತೂಕ ಹಾಕಿ ದುಡ್ಡು ಕೊಡಿ ಅಂದರು. ಕೀಳ್ತಾ ಕೀಳ್ತಾ ನಾನು, ಮಕ್ಕಳಿಬ್ಬರು ಸೇರಿ ಏಳೆಂಟು ಹಣ್ಣು ತಿಂದಿರಬೇಕು. ವಾಪಸ್ ಬರುವಾಗ ಕಾರಿನಲ್ಲಿ ನನ್ನ ಹೆಂಡತಿ, "ಅದು ಕದ್ದು ತಿಂದ ಹಾಗೇ ಅಲ್ವಾ?" ಅಂದಳು. ತೋಟದಲ್ಲಿ ತಿಂದಿದ್ದಕ್ಕೆಲ್ಲ ಲೆಕ್ಕ ಇಡ್ತಾರಾ?
— ಹಾಸನದ ಓದುಗರೊಬ್ಬರು

ಕದ್ದ ಹಾಗಲ್ಲ. ಆದರೆ ತಕ್ಕಡಿಯ ಹತ್ತಿರ ಬಂದಾಗ "ಏಳೆಂಟು ತಿಂದಿದ್ದೀವಿ, ಸೇರಿಸಿಕೊಳ್ಳಿ" ಅಂತ ಒಂದು ಮಾತು ಹೇಳಬೇಕಿತ್ತು. ನೀವು ಬಿಟ್ಟಿದ್ದು ಅದೊಂದೇ.

ಸಂತೆಯನ್ನು ನೆನಪು ಮಾಡಿಕೊಳ್ಳಿ. ಕಡಲೆಕಾಯಿ ರಾಶಿಯ ಮುಂದೆ ನಿಂತು ರೇಟು ಕೇಳುವಷ್ಟರಲ್ಲೇ ನಮ್ಮ ಕೈ ರಾಶಿಗೆ ಹೋಗಿರುತ್ತದೆ. ಎರಡು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡರೆ ಮಾರುವವರು ಏನೂ ಅನ್ನುವುದಿಲ್ಲ. ಅದು ರುಚಿ ನೋಡುವುದು. ಅಳೆದಾದ ಮೇಲೆ "ಕೊಸರು ಹಾಕಿ" ಅಂದರೆ ಇನ್ನೊಂದು ಹಿಡಿ ಬೀಳುತ್ತದೆ. ಕೇಳುವುದು ನಮ್ಮ ರೂಢಿ, ಕೊಡುವುದು ಅವರ ಇಷ್ಟ. ಅದು ಬಿಟ್ಟು ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅರ್ಧ ಸೇರು ಸುಲಿದು ತಿಂದು, ಸಿಪ್ಪೆ ಅಲ್ಲೇ ಕೊಡವಿ, ಕಾಲು ಸೇರು ಕಟ್ಟಿಸಿಕೊಂಡು ಎದ್ದರೆ? ಮುಂದಿನ ವಾರ ನಮ್ಮ ಮುಖ ಕಂಡ ಕೂಡಲೇ ರಾಶಿಯ ಮೇಲೆ ಗೋಣಿತಾಟು ಎಳೆಯುತ್ತಾರೆ.

ತೋಟದಲ್ಲೂ ಹೀಗೇ. ಒಂದೆರಡು ಹಣ್ಣು ರುಚಿ. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ, ಕೇಳಲೂಬಾರದು. ರುಚಿ ನೋಡದೆ ಕೊಳ್ಳುವುದು ಹೇಗೆ? ಅದರ ಮೇಲೆ ತಿಂದಿದ್ದು ಕೊಸರು. ನಮ್ಮ ಕಿತ್ತಳೆ ಕೆಜಿಗೆ ಎಂಟೋ ಹತ್ತೋ ತೂಗುತ್ತದೆ. ಅಂದರೆ ನೀವು ಮೂವರು ಸೇರಿ ಹೆಚ್ಚುಕಡಿಮೆ ಒಂದು ಕೆಜಿ ಮುಗಿಸಿದ್ದೀರಿ. ಎಷ್ಟು ಕೆಜಿ ಕೊಂಡಿರಿ ಅಂತ ಬರೆದಿಲ್ಲ. ಹತ್ತು ಕೆಜಿ ಕೊಂಡಿದ್ದರೆ ಬಿಡಿ. ಎರಡು ಕೆಜಿ ಅಷ್ಟೇ ಆಗಿದ್ದರೆ ನಿಮ್ಮ ಮನೆಯವರ ಮಾತಿಗೂ ಸ್ವಲ್ಪ ತೂಕ ಇದೆ.

ಬೇರೆ ದೇಶಗಳಲ್ಲಿ ಇದು ದೊಡ್ಡ ವ್ಯಾಪಾರ. ಇಂಗ್ಲೆಂಡು, ಅಮೆರಿಕದಲ್ಲಿ ಸ್ಟ್ರಾಬೆರಿ, ಸೇಬಿನ ತೋಟಕ್ಕೆ ಬುಟ್ಟಿ ಹಿಡಿದು ಹೋಗುತ್ತಾರೆ. ಕಿತ್ತು ತಂದಿದ್ದನ್ನು ಗೇಟಿನ ಹತ್ತಿರ ತೂಗುತ್ತಾರೆ. ಅಲ್ಲೊಂದು ಇಲ್ಲೊಂದು ಬಾಯಿಗೆ ಹೋಗಿದ್ದನ್ನು ಕಂಡೂ ಕಾಣದ ಹಾಗೆ ಇರುವ ತೋಟಗಳಿವೆ, ಅದಕ್ಕೇ ಅಂತ ಪ್ರವೇಶ ಶುಲ್ಕ ಇಟ್ಟ ತೋಟಗಳೂ ಇವೆ. ಜಪಾನಿನಲ್ಲಿ ಲೆಕ್ಕ ಉಲ್ಟಾ. ಸ್ಟ್ರಾಬೆರಿ ತೋಟಕ್ಕೆ ತಲೆಗಿಷ್ಟು ಅಂತ ದುಡ್ಡು ಕಟ್ಟಿ ಒಳಗೆ ಹೋದರೆ ಅರ್ಧ ಗಂಟೆಯೋ ಏನೋ ಒಂದು ಹೊತ್ತು ಕೊಡುತ್ತಾರೆ. ಅಷ್ಟರಲ್ಲಿ ಹೊಟ್ಟೆಗೆ ಎಷ್ಟಾದರೂ ಹಾಕಿಕೊಳ್ಳಿ. ಮನೆಗೆ ಒಯ್ಯುವುದಾದರೆ ಮಾತ್ರ ಬೇರೆ ದುಡ್ಡು.

ಹೊಟ್ಟೆಗೊಂದು ಲೆಕ್ಕ, ಚೀಲಕ್ಕೊಂದು ಲೆಕ್ಕ ಅನ್ನುವುದು ಬಹಳ ಹಳೆಯದು. ಬೈಬಲಿನ ಧರ್ಮೋಪದೇಶಕಾಂಡದಲ್ಲಿ, ನೆರೆಯವನ ದ್ರಾಕ್ಷಿತೋಟಕ್ಕೆ ಹೋದರೆ ಹೊಟ್ಟೆ ತುಂಬ ತಿನ್ನು, ಪಾತ್ರೆಗೆ ಮಾತ್ರ ತುಂಬಿಕೊಳ್ಳಬೇಡ ಅಂತಿದೆ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ, ಬುತ್ತಿ ಖಾಲಿಯಾದ ದಾರಿಹೋಕ ಬೇರೆಯವರ ಹೊಲದಿಂದ ಎರಡು ಕಬ್ಬು, ಎರಡು ಮೂಲಂಗಿ ತೆಗೆದುಕೊಂಡರೆ ದಂಡ ಇಲ್ಲ. ಆದರೆ ಆ ರಿಯಾಯಿತಿ ದ್ವಿಜನಿಗೆ, ಅಂದರೆ ಮೇಲಿನ ಮೂರು ವರ್ಣದವರಿಗೆ ಮಾತ್ರ. ಕೇಳದೆ ತಿನ್ನುವ ಧೈರ್ಯ ಯಾರಿಗಿದೆ ಅನ್ನುವ ಈ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನು ಈಗಿನ ಕಾನೂನು. ಇದು ಸ್ವಲ್ಪ ತಮಾಷೆಯಾಗಿದೆ. 1860ರ ಭಾರತೀಯ ದಂಡ ಸಂಹಿತೆಯಲ್ಲೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲೂ, ಭೂಮಿಗೆ ಅಂಟಿಕೊಂಡ ವಸ್ತುವನ್ನು ಕದಿಯಲು ಆಗುವುದಿಲ್ಲ. ಬೇರ್ಪಡಿಸಿದ ಕ್ಷಣದಿಂದ ಅದು ಕದಿಯಬಹುದಾದ ವಸ್ತು ಆಗುತ್ತದೆ. ಅಂದರೆ ಮರದಲ್ಲಿ ತೂಗುವ ಕಿತ್ತಳೆಯ ಕಳ್ಳತನ ಆಗದು, ತೊಟ್ಟು ಚಿವುಟಿದ ಕೂಡಲೇ ಆಗಬಹುದು! ಹೆದರಬೇಡಿ. ನಿಮಗೆ ಕೀಳಲು ಒಪ್ಪಿಗೆ ಕೊಟ್ಟೇ ಒಳಗೆ ಬಿಟ್ಟಿದ್ದರು. ಜೊತೆಗೆ ಯಾರೂ ದೂರು ಹೇಳದಷ್ಟು ಸಣ್ಣ ಹಾನಿ ಅಪರಾಧವೇ ಅಲ್ಲ ಅಂತ 33ನೇ ಕಲಮು ಹೇಳುತ್ತದೆ. ಒಂದು ಕಿತ್ತಳೆಗೆ ಪೊಲೀಸ್ ಠಾಣೆ ಹತ್ತುವವರು ಮಲೆನಾಡಲ್ಲಿ ಇನ್ನೂ ಹುಟ್ಟಿಲ್ಲ.

ಕಷ್ಟ ಇರುವುದು ಮಲೆನಾಡಿನ ಮರ್ಯಾದೆಯಲ್ಲಿ. "ಒಂದು ತಿನ್ನಬಹುದಾ?" ಅಂತ ಕೇಳಿದರೆ ನಮ್ಮ ಕಡೆ ಬರುವ ಉತ್ತರ ಒಂದೇ. "ಅಯ್ಯೋ, ತಿನ್ನಿ ತಿನ್ನಿ, ಅದಕ್ಕೇನು." ಬೇಡ ಅನ್ನಲು ಬಾಯಿ ಬರುವುದಿಲ್ಲ. ಮನೆಗೆ ಬಂದವರಿಗೆ ಹಣ್ಣು ಬೇಡ ಅಂದರು ಅಂತ ಊರೆಲ್ಲ ಸುದ್ದಿಯಾದರೆ? ಆದ್ದರಿಂದ ಆ "ತಿನ್ನಿ"ಯನ್ನು ಒಂದೆರಡು ಹಣ್ಣಿಗೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಇಡೀ ಮರಕ್ಕೆ ಅಂತಲ್ಲ. ಇನ್ನೂ ಒಂದು ಸಂಗತಿ ಇದೆ. ಎಷ್ಟೋ ತೋಟದಲ್ಲಿ ಹಣ್ಣಿನ ಫಸಲನ್ನು ಮರದಲ್ಲಿದ್ದಾಗಲೇ ಗುತ್ತಿಗೆಗೆ ಕೊಟ್ಟಿರುತ್ತಾರೆ. ಮರ ಸಾಹುಕಾರರದು, ಹಣ್ಣು ಗುತ್ತಿಗೆದಾರರದು. ಸಾಹುಕಾರರು ಉಪಚಾರಕ್ಕೆ "ತಿನ್ನಿ" ಅನ್ನುತ್ತಾರೆ, ಆ ಕಡೆ ಮರದ ಕೆಳಗೆ ನಿಂತ ಗುತ್ತಿಗೆದಾರರ ಮುಖ ಇಷ್ಟು ಗಂಟಾಗಿರುತ್ತದೆ. "ಈ ಮರದ ಹಣ್ಣು ಯಾರಿಗೆ ಕೊಟ್ಟಿದ್ದೀರಿ?" ಅಂತ ಮೊದಲೇ ಕೇಳಿದರೆ ಈ ಪೇಚು ಇರುವುದಿಲ್ಲ.

ನನ್ನ ಚಿಕ್ಕಪ್ಪನ ತೋಟ ಸಕಲೇಶಪುರದ ಆಚೆ. ಬೆಂಗಳೂರಿಂದ ಬಂದ ನೆಂಟರು ಎಷ್ಟು ತಿಂದರೂ ಅವರು ಒಂದು ಮಾತೂ ಆಡುವುದಿಲ್ಲ. ಆದರೆ ಅರ್ಧ ಕಚ್ಚಿ ಬಿಸಾಡಿದ ಹಣ್ಣು ಕಂಡರೆ ಮಾತ್ರ ರೇಗುತ್ತಾರೆ. "ಮಂಗಕ್ಕಾದರೆ ಬುದ್ಧಿ ಇಲ್ಲ ಅಂತ ಬಿಡಬಹುದು" ಅನ್ನುತ್ತಾರೆ. ತೋಟದವರ ಹೊಟ್ಟೆ ಉರಿಸುವುದು ಮಂಗ ತಿಂದ ಹಣ್ಣಲ್ಲ, ಒಂದು ಕಚ್ಚಿ, ಹುಳಿ ಅಂತ ಎಸೆದು, ಇನ್ನೊಂದಕ್ಕೆ ಕೈ ಹಾಕುತ್ತದಲ್ಲ, ಅದು. ನಾವೂ ಹಾಗೇ ಮಾಡುತ್ತೇವೆ. ಈ ಮರದ್ದು ಹುಳಿ, ಆ ಮರದ್ದು ನೋಡೋಣ, ಇದರ ಪಕ್ಕದ್ದು ನೋಡೋಣ. ಒಂದು ಮರದಲ್ಲಿ ಒಂದು ನೋಡಿದರೆ ಸಾಕು. ಬಿಸಿಲು ಬೀಳುವ ಹೊರಗಿನ ಕೊಂಬೆಯ ಹಣ್ಣು ಸಾಮಾನ್ಯವಾಗಿ ಒಳಗಿನ ನೆರಳಿನ ಹಣ್ಣಿಗಿಂತ ಸಿಹಿ. ಬಣ್ಣ ನೋಡಿ ಮೋಸ ಹೋಗಬೇಡಿ. ಕಿತ್ತಳೆ ಹಳದಿಗೆ ತಿರುಗಲು ಚಳಿ ಬೀಳಬೇಕು. ಹೊರಗೆ ಹಸಿರಿದ್ದೂ ಒಳಗೆ ಸಕ್ಕರೆಯಂತಿರುವ ಹಣ್ಣು ನಮ್ಮಲ್ಲಿ ಬೇಕಾದಷ್ಟಿದೆ. ಇನ್ನೊಂದು ಮಾತು: ಕಿತ್ತಳೆ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಹುಳಿ ಕಿತ್ತರೆ ಮನೆಯಲ್ಲೂ ಹುಳಿಯೇ.

ಕೀಳುವ ರೀತಿಯಿಂದ ಆಗುವ ನಷ್ಟ ತಿನ್ನುವುದರಿಂದ ಆಗುವುದಕ್ಕಿಂತ ಜಾಸ್ತಿ. ಕಿತ್ತಳೆಯ ಸಿಪ್ಪೆ ಸಡಿಲ. ಹಿಡಿದು ಜಗ್ಗಿದರೆ ತೊಟ್ಟಿನ ಬುಡದಲ್ಲಿ ಸಿಪ್ಪೆ ಕಿತ್ತು ತೂತಾಗುತ್ತದೆ. ಆ ಹಣ್ಣು ಎರಡು ದಿನದಲ್ಲಿ ಕೊಳೆಯುತ್ತದೆ, ಬುಟ್ಟಿಯಲ್ಲಿ ಪಕ್ಕದಲ್ಲಿದ್ದದ್ದನ್ನೂ ಕೊಳೆಸುತ್ತದೆ. ಒಂದು ಕೈಯಲ್ಲಿ ಹಣ್ಣು ಹಿಡಿದು ತೊಟ್ಟನ್ನು ಕತ್ತರಿಯಲ್ಲಿ ಕತ್ತರಿಸಿ. ಕತ್ತರಿ ಇಲ್ಲದಿದ್ದರೆ ಉಗುರಲ್ಲಿ ಚಿವುಟಿ. ಮೇಲಿನ ಹಣ್ಣಿಗೆ ದೋಟಿ ಕೇಳಿ, ಕೊಂಬೆ ಬಗ್ಗಿಸಿ ಜೋತು ಬೀಳಬೇಡಿ. ರೋಗ ಬಂದು ಕಿತ್ತಳೆ ಗಿಡಗಳು ಒಣಗಿ, ಹಿಂದೆ ಲಾರಿ ತುಂಬ ಹಣ್ಣು ಕಳಿಸುತ್ತಿದ್ದ ತೋಟಗಳಲ್ಲೂ ಈಗ ಅಲ್ಲೊಂದು ಇಲ್ಲೊಂದು ಮರ ಉಳಿದಿರುವ ಕಾಲ ಇದು. ಒಂದು ಕೊಂಬೆಗೂ ಬೆಲೆ ಇದೆ.

ಎಲ್ಲ ಹಣ್ಣಿಗೂ ಕಿತ್ತಳೆಯ ನಿಯಮ ನಡೆಯುವುದಿಲ್ಲ. ಬಟರ್ ಫ್ರೂಟ್ ನೋಡಿ. ಅದು ಮರದಲ್ಲಿ ಹಣ್ಣಾಗುವುದೇ ಇಲ್ಲ, ಕಿತ್ತು ಕೆಲವು ದಿನ ಇಟ್ಟ ಮೇಲೇ ಮೆತ್ತಗಾಗುವುದು. ಮರದಡಿ ನಿಂತು ಕಚ್ಚಿ ನೋಡಿದರೆ ಹಣ್ಣೂ ದಂಡ, ಬಾಯಿಯೂ ಕೆಡುತ್ತದೆ. ಕಾಫಿಯದು ಇನ್ನೂ ವಿಚಿತ್ರ. ಕೆಂಪಗೆ ಹಣ್ಣಾದ ಕಾಫಿ ಬಾಯಿಗೆ ಹಾಕಿ ಚೀಪಿದರೆ ಸಿಹಿ ಲೋಳೆ ಸಿಗುತ್ತದೆ, ಮಕ್ಕಳಿಗೆ ಖುಷಿ. ಆದರೆ ನಾವು ಚೀಪುವುದು ತೋಟದವರು ಎಸೆಯುವ ಭಾಗ, ನಾವು ಉಗಿಯುವುದೇ ಅವರ ವರ್ಷದ ಸಂಪಾದನೆ. ಬಾವಲಿ ಕೂಡ ಇದನ್ನೇ ಮಾಡುತ್ತದೆ. ಪುನುಗು ಬೆಕ್ಕು ಹಣ್ಣನ್ನು ನುಂಗುತ್ತದೆ, ಬೀಜ ಅದರ ಹಿಕ್ಕೆಯಲ್ಲಿ ಹೊರಬರುತ್ತದೆ. ಅವು ಬಿಟ್ಟ ಬೀಜವನ್ನು ಆರಿಸಿ ತರುವವರಿದ್ದಾರೆ. ಒಂದು ಕೆಜಿ ಕಾಫಿ ಬೀಜಕ್ಕೆ ಐದಾರು ಕೆಜಿ ಹಣ್ಣು ಬೇಕು, ಆದ್ದರಿಂದ ಮಕ್ಕಳು ಚೀಪಿದ ನಾಲ್ಕು ಹಣ್ಣಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಫೋಟೋಗೆ ಅಂತ ಗೊಂಚಲನ್ನು ಕಾಯಿ ಹಣ್ಣು ಸಮೇತ ಉಜ್ಜಿ ಎಳೆದರೆ ಮಾತ್ರ ಬೈಗುಳ ಗ್ಯಾರಂಟಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನಾನು ಮೊದಲು ಕೇಳುವ ಪ್ರಶ್ನೆ ಇನ್ನೊಂದಿದೆ. "ಔಷಧಿ ಹೊಡೆದು ಎಷ್ಟು ದಿನ ಆಯ್ತು?" ಕಿತ್ತಳೆ ಮರ ಇರುವುದು ಕಾಫಿ ಗಿಡಗಳ ನಡುವೆ. ಕಾಫಿಗೆ ಎಲೆ ತುಕ್ಕು, ಕೊಳೆ ರೋಗ ಬಾರದಿರಲಿ ಅಂತ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಹೊಡೆಯುತ್ತಾರೆ. ಅದು ಮುಖ್ಯವಾಗಿ ಮಳೆಗಾಲದ ಆಸುಪಾಸಿನ ಕೆಲಸ. ಆದರೆ ಹುಳಕ್ಕೆ ಹೊಡೆಯುವ ಔಷಧಿಗೆ ಕಾಲ ಇಲ್ಲ. ಹೊಡೆದ ಎಷ್ಟು ದಿನದ ಮೇಲೆ ಹಣ್ಣು ಕೀಳಬೇಕು ಅಂತ ಡಬ್ಬಿಯ ಮೇಲೇ ಇರುತ್ತದೆ. ಕಿತ್ತಳೆಗೆ ಸಿಪ್ಪೆಯ ರಕ್ಷಣೆ ಇದೆ, ಸೀಬೆಗೆ ಅದಿಲ್ಲ. ಅಂಗಿಗೆ ಒರೆಸಿ ಕಚ್ಚುವುದು ಸಿನಿಮಾದಲ್ಲಿ ಚೆಂದ. ಒಂದು ಬಾಟಲಿ ನೀರು ಜೊತೆಗಿಟ್ಟುಕೊಳ್ಳಿ, ಹಣ್ಣಿಗೂ ಕೈಗೂ ಆಗುತ್ತದೆ. ಮರದಡಿ ಬಿದ್ದ, ಹಲ್ಲು ಗುರುತಿನ ಹಣ್ಣನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಪಕ್ಕದ ಕೇರಳದಲ್ಲಿ 2018ರಲ್ಲಿ ನಿಪಾ ವೈರಸ್ ಕಾಣಿಸಿಕೊಂಡಾಗಿನಿಂದ ಬಾವಲಿ ಕಚ್ಚಿದ ಹಣ್ಣು ಮುಟ್ಟಬೇಡಿ ಅಂತ ಹೇಳುತ್ತಲೇ ಇದ್ದಾರೆ. ಮರ ಹತ್ತುವ ಹುಮ್ಮಸ್ಸು ಇದ್ದರೆ ಮೊದಲು ಎಲೆ ಮಡಚಿ ಕಟ್ಟಿದ ಚಗಳಿ (ಕಚ್ಚುವ ಕೆಂಪಿರುವೆ) ಗೂಡು ಇದೆಯಾ ನೋಡಿ. ಮೂಡಿಗೆರೆ ಕಡೆಯವರು ಚಗಳಿಯ ಚಟ್ನಿ ಮಾಡುತ್ತಾರೆ. ಮರದ ಮೇಲೆ ಸಿಕ್ಕಿಬಿದ್ದರೆ ಚಗಳಿಯೇ ನಮ್ಮ ಚಟ್ನಿ ಮಾಡುತ್ತದೆ.

ಈಗ ಆಗಲೇ ಹೇಳಿದ ಆ ಧೈರ್ಯದ ಮಾತು. ತೋಟಕ್ಕೆ ಬಂದ ಅತಿಥಿಗಳು ಕೆಲಸದ ಹೆಂಗಸರಿಗೆ "ಅಕ್ಕಾ, ಎರಡು ಚೆನ್ನಾಗಿರೋದು ಕಿತ್ತು ಕೊಡಿ" ಅನ್ನುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರು ಹಾ ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ಕೊಟ್ಟರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಕೇಳುತ್ತಾರೆ, ಕೊಡದಿದ್ದರೆ ಅತಿಥಿಗಳು ದೂರುತ್ತಾರೆ. ನಾವು ನಗುತ್ತಾ ಏಳೆಂಟು ತಿನ್ನುವ ಜಾಗದಲ್ಲಿ ಅವರು ಒಂದು ಹಣ್ಣನ್ನು ಸೆರಗಿಗೆ ಕಟ್ಟಿಕೊಂಡರೆ ಅದರ ಹೆಸರು ಬೇರೆ. ಕೇಳುವುದಾದರೆ ಸಾಹುಕಾರರನ್ನೋ ರೈಟರನ್ನೋ ಕೇಳಿ. ಕಿತ್ತು ಕೊಟ್ಟ ಅಕ್ಕನಿಗೂ ಒಂದು ಹಣ್ಣು ಅವರ ಎದುರೇ ಕೊಡಿ.

ಮಕ್ಕಳನ್ನು ತಡೆಯಲು ಹೋಗಬೇಡಿ, ಆಗುವುದಿಲ್ಲ. ಅವರ ಹಣ್ಣಿನ ಲೆಕ್ಕ ಇಡಲು ಸುಲಭದ ದಾರಿ ಇದೆ. ತಿಂದ ಸಿಪ್ಪೆಯನ್ನೆಲ್ಲ ಒಂದು ಚೀಲಕ್ಕೆ ಹಾಕಿಸಿ. ತಕ್ಕಡಿ ಹತ್ತಿರ ಬಂದಾಗ ಎಷ್ಟು ಅಂತ ಚೀಲವೇ ಹೇಳುತ್ತದೆ. ಆಮೇಲೆ ಸಿಪ್ಪೆಯನ್ನು ಕಾಫಿ ಗಿಡದ ಬುಡಕ್ಕೆ ಸುರಿದು ಬನ್ನಿ, ಗೊಬ್ಬರವಾಗುತ್ತದೆ.

ನಿಮ್ಮ ಏಳೆಂಟು ಹಣ್ಣಿನ ಬಾಕಿ ಇನ್ನೂ ಉಳಿದಿದೆ. ಹೋಂಸ್ಟೇಯವರ ನಂಬರು ಫೋನಿನಲ್ಲಿ ಇದ್ದೇ ಇರುತ್ತದೆ. "ಒಂದು ಕೆಜಿ ಕಿತ್ತಳೆ ಲೆಕ್ಕಕ್ಕೆ ಸೇರಿಸಲು ಮರೆತಿದ್ವಿ, ಎಷ್ಟು ಕಳಿಸಲಿ?" ಅಂತ ಒಂದು ಮೆಸೇಜ್ ಹಾಕಿ. ಬಹುಶಃ ನಕ್ಕು, ಬೇಡ ಬಿಡಿ ಅನ್ನುತ್ತಾರೆ. ಮುಂದಿನ ಚಳಿಗಾಲಕ್ಕೆ ರೂಮು ಇದೆಯಾ ಅಂತ ಅದರಲ್ಲೇ ಕೇಳಿಬಿಡಿ.