ಪೋಪ್‌ನನ್ನು ಇಳಿಸಿದ ಸಭೆಯೇ ಯಾನ್ ಹುಸ್‌ನನ್ನು ಸುಟ್ಟಿದ್ದೇಕೆ?

1415ರ ಬೇಸಿಗೆ. ಈಗಿನ ಜರ್ಮನಿಯ ದಕ್ಷಿಣ ಅಂಚಿನಲ್ಲಿ, ಸರೋವರದ ದಡದಲ್ಲಿರುವ ಕಾನ್‌ಸ್ಟಾನ್ಸ್ ಎಂಬ ಊರಿನಲ್ಲಿ ಪಶ್ಚಿಮ ಯುರೋಪಿನ ಚರ್ಚಿನ ದೊಡ್ಡವರೆಲ್ಲ ಸೇರಿದ್ದರು. ಮೇ 29ರಂದು ಆ ಮಹಾಸಭೆ ಪೋಪ್ 23ನೇ ಜಾನ್‌ನನ್ನು ಹುದ್ದೆಯಿಂದ ಇಳಿಸಿತು. ಅವನ ಮೇಲಿದ್ದ ದೊಡ್ಡ ಆರೋಪಗಳಲ್ಲಿ ಒಂದು, ಚರ್ಚಿನ ಹುದ್ದೆಗಳನ್ನು ದುಡ್ಡಿಗೆ ಮಾರಿದ್ದು. ಆರು ವಾರ ಕಳೆಯುವ ಮೊದಲೇ, ಜುಲೈ 6ರಂದು, ಅದೇ ಸಭೆ ಪ್ರಾಗ್‌ನ ಪಾದ್ರಿ ಯಾನ್ ಹುಸ್‌ನನ್ನು ಧರ್ಮದ್ರೋಹಿ ಎಂದು ಘೋಷಿಸಿತು. ಅದೇ ದಿನ ಅವನನ್ನು ಊರಾಚೆ ಕರೆದೊಯ್ದು ಜೀವಂತ ಸುಟ್ಟರು. ಹುಸ್ ವರ್ಷಗಟ್ಟಲೆ ಖಂಡಿಸುತ್ತ ಬಂದಿದ್ದು ಕೂಡ ಈ ಹುದ್ದೆ ಮಾರಾಟವನ್ನೇ.

ಪೋಪ್ ಕೆಲವು ವರ್ಷ ಸೆರೆಯಲ್ಲಿದ್ದು ಹೊರಬಂದ. ಮತ್ತೆ ಕಾರ್ಡಿನಲ್, ಅಂದರೆ ಪೋಪ್‌ನನ್ನು ಆರಿಸುವ ಹಿರಿಯ ಧರ್ಮಾಧಿಕಾರಿಗಳಲ್ಲಿ ಒಬ್ಬ, ಆದ. ಫ್ಲಾರೆನ್ಸ್‌ನಲ್ಲಿ ಅವನಿಗೆ ಕಟ್ಟಿದ ಸುಂದರ ಸಮಾಧಿ ಇಂದಿಗೂ ಇದೆ. ಹುಸ್‌ನ ಬೂದಿಯನ್ನು ಮಾತ್ರ ಗುರುತು ಉಳಿಯಬಾರದೆಂದು ರೈನ್ ನದಿಗೆ ಸುರಿದರು.

ಒಂದೇ ಸಭೆ, ಒಂದೇ ಬೇಸಿಗೆ. ಹಾಗಾದರೆ ಹುಸ್ ಹೇಳಿದ್ದರಲ್ಲಿ ಅಷ್ಟೊಂದು ಅಪಾಯದ್ದು ಏನಿತ್ತು? ಇದಕ್ಕೆ ಉತ್ತರ ಬೇಕಾದರೆ ನೂರು ವರ್ಷ ಹಿಂದೆ ಹೋಗಬೇಕು.

1309ರಿಂದ 1377ರವರೆಗೆ ಪೋಪ್‌ಗಳು ರೋಮ್‌ನಲ್ಲಿ ಇರಲಿಲ್ಲ. ದಕ್ಷಿಣ ಫ್ರಾನ್ಸ್‌ನ ಅವಿನ್ಯೋನ್‌ನಲ್ಲಿ ನೆಲೆಸಿದ್ದರು. ಇಟಲಿಯ ಆದಾಯ ಕೈತಪ್ಪಿತ್ತು. ಅರಮನೆ, ಆಡಳಿತ, ಯುದ್ಧ ಎಲ್ಲಕ್ಕೂ ಹಣ ಬೇಕಿತ್ತು. ಅದಕ್ಕಾಗಿ ಒಂದು ಜಾಣ ವ್ಯವಸ್ಥೆ ಬೆಳೆಯಿತು. ಯುರೋಪಿನ ಯಾವ ಮೂಲೆಯಲ್ಲಿ ಚರ್ಚಿನ ಹುದ್ದೆ ಖಾಲಿಯಾದರೂ ಅದನ್ನು ತುಂಬುವ ಹಕ್ಕು ತಮ್ಮದು ಎಂದು ಪೋಪ್‌ಗಳು ಒಂದೊಂದಾಗಿ ಹೇಳತೊಡಗಿದರು. ಹುದ್ದೆ ಪಡೆದವನು ಮೊದಲ ವರ್ಷದ ಆದಾಯದ ದೊಡ್ಡ ಪಾಲನ್ನು ಪೋಪ್‌ನ ಖಜಾನೆಗೆ ಕಟ್ಟಬೇಕು. ಕಟ್ಟಿದ ಹಣವನ್ನು ಅವನು ವಾಪಸ್ ಪಡೆಯುವುದು ಯಾರಿಂದ? ತನ್ನ ಕೈಕೆಳಗಿನ ಪಾದ್ರಿಗಳಿಂದ. ಆ ಪಾದ್ರಿಗಳು? ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಕ್ಕೆಂದು ಬರುವ ಊರ ಜನರಿಂದ. ಒಬ್ಬನೇ ನಾಲ್ಕೈದು ಹುದ್ದೆ ಇಟ್ಟುಕೊಂಡು, ಒಂದು ಊರಿಗೂ ಕಾಲಿಡದೆ ಆದಾಯ ಮಾತ್ರ ತರಿಸಿಕೊಳ್ಳುವುದು ಮಾಮೂಲಾಗಿತ್ತು.

1378ರಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಕಾರ್ಡಿನಲ್‌ಗಳು ರೋಮ್‌ನಲ್ಲಿ ಒಬ್ಬ ಪೋಪ್‌ನನ್ನು ಆರಿಸಿದರು. ಕೆಲವೇ ತಿಂಗಳಲ್ಲಿ ಆ ಆಯ್ಕೆ ಸರಿಯಿಲ್ಲ ಎಂದು ಇನ್ನೊಬ್ಬನನ್ನು ಆರಿಸಿದರು. ಒಬ್ಬ ರೋಮ್‌ನಲ್ಲಿ, ಇನ್ನೊಬ್ಬ ಅವಿನ್ಯೋನ್‌ನಲ್ಲಿ. ಇಬ್ಬರೂ ಪರಸ್ಪರ ಬಹಿಷ್ಕಾರ ಹಾಕಿಕೊಂಡರು. ಜಗಳ ಬಿಡಿಸಲು 1409ರಲ್ಲಿ ಪೀಸಾದಲ್ಲಿ ಸಭೆ ಸೇರಿ ಹೊಸ ಪೋಪ್‌ನನ್ನು ಆರಿಸಿದರು. ಹಳೆಯ ಇಬ್ಬರೂ ಕದಲಲಿಲ್ಲ. ಮೂವರು ಪೋಪ್‌ಗಳಾದರು! ದೇವರ ಪ್ರತಿನಿಧಿ ಯಾರು ಎಂದು ಸಾಮಾನ್ಯ ಜನ ಯಾರನ್ನು ಕೇಳಬೇಕಿತ್ತು?

ಇಂಥ ಹೊತ್ತಿನಲ್ಲಿ ಚರ್ಚನ್ನು ಬೈದವರು ಹುಸ್ ಒಬ್ಬನೇ ಅಲ್ಲ. ಬಡತನದಲ್ಲೇ ಕ್ರಿಸ್ತನನ್ನು ಹಿಂಬಾಲಿಸಬೇಕು ಎಂದು 1170ರ ದಶಕದಲ್ಲಿ ಆಸ್ತಿ ಹಂಚಿ ಹೊರಟ ಲಿಯೋನ್‌ನ ವ್ಯಾಪಾರಿ ವಾಲ್ಡೋನ ಕಾಲದಿಂದಲೂ ಆ ದನಿ ಇತ್ತು. ಆದರೆ ಬೈಗುಳವನ್ನು ಸಿದ್ಧಾಂತದ ಮಟ್ಟಕ್ಕೆ ತಂದವನು ಇಂಗ್ಲೆಂಡಿನ ಜಾನ್ ವೈಕ್ಲಿಫ್. ಅವನು ಆಕ್ಸ್‌ಫರ್ಡ್‌ನ ಮೇಷ್ಟ್ರು, ತರ್ಕದಲ್ಲಿ ಪಳಗಿದವನು. ಪಾಪದಲ್ಲಿ ಮುಳುಗಿದವನಿಗೆ ಅಧಿಕಾರವಾಗಲಿ ಆಸ್ತಿಯಾಗಲಿ ಹೊಂದುವ ನಿಜವಾದ ಹಕ್ಕಿಲ್ಲ ಎಂದು ಅವನು ವಾದಿಸಿದ. ಹಾಗಾಗಿ ಕೆಟ್ಟ ಪಾದ್ರಿಗಳ ಆಸ್ತಿಯನ್ನು ರಾಜ ಕಿತ್ತುಕೊಳ್ಳಬಹುದು ಎಂದ. ಈ ಮಾತು ಇಂಗ್ಲೆಂಡಿನ ಶ್ರೀಮಂತರಿಗೆ ಬಹಳ ಹಿಡಿಸಿತು. 1377ರಲ್ಲಿ ಬಿಷಪ್‌ಗಳು ಅವನನ್ನು ವಿಚಾರಣೆಗೆ ಕರೆದಾಗ ರಾಜನ ಮಗ ಜಾನ್ ಆಫ್ ಗಾಂಟ್ ಸ್ವತಃ ಅವನ ಜೊತೆ ಬಂದು ನಿಂತ.

ಆದರೆ ವೈಕ್ಲಿಫ್ ಅಲ್ಲಿಗೆ ನಿಲ್ಲಲಿಲ್ಲ. ಬಲಿಪೂಜೆಯಲ್ಲಿ ರೊಟ್ಟಿ ಕ್ರಿಸ್ತನ ದೇಹವಾಗಿ ಪೂರ್ತಿ ಬದಲಾಗುತ್ತದೆ ಎಂಬ ಬೋಧನೆಯನ್ನೇ ಪ್ರಶ್ನಿಸಿದ. ಆಗ ಶ್ರೀಮಂತ ಬೆಂಬಲಿಗರು ಹಿಂದೆ ಸರಿದರು. 1381ರ ರೈತ ದಂಗೆಗೂ ಅವನಿಗೂ ನೇರ ಸಂಬಂಧ ಇರಲಿಲ್ಲ, ಆದರೂ ಕೆಟ್ಟ ಹೆಸರು ಅವನಿಗೂ ಅಂಟಿತು. ಮರುವರ್ಷ ಲಂಡನ್‌ನಲ್ಲಿ ಸೇರಿದ ಸಭೆ ಅವನ ಬೋಧನೆಗಳನ್ನು ಖಂಡಿಸಿತು. ಅವನು ಲಟರ್‌ವರ್ತ್ ಎಂಬ ಸಣ್ಣ ಊರಿನ ಚರ್ಚಿಗೆ ಹೋಗಿ ಬರೆಯುತ್ತ ಕೂತ. 1384ರ ಕೊನೆಯ ದಿನ ತೀರಿಕೊಂಡ. ಅವನ ಅನುಯಾಯಿಗಳು ಲ್ಯಾಟಿನ್ ಬೈಬಲನ್ನು ಪೂರ್ತಿಯಾಗಿ ಇಂಗ್ಲಿಷಿಗೆ ತಂದರು. 1401ರಲ್ಲಿ ಧರ್ಮದ್ರೋಹಿಗಳನ್ನು ಸುಡುವ ಕಾನೂನು ಇಂಗ್ಲೆಂಡಿನಲ್ಲಿ ಬಂತು. ಇಂಗ್ಲಿಷ್ ಬೈಬಲ್ ಮನೆಯಲ್ಲಿ ಸಿಕ್ಕರೆ ಅದೇ ಅನುಮಾನಕ್ಕೆ ಕಾರಣವಾಗುವ ಕಾಲವೂ ಬಂತು.

ಇಂಗ್ಲೆಂಡಿನ ಪುಸ್ತಕಗಳು ಪ್ರಾಗ್‌ಗೆ ಹೋಗಿದ್ದು ಒಂದು ಮದುವೆಯ ದಾರಿಯಲ್ಲಿ. 1382ರಲ್ಲಿ ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ಜೆಕ್ ನಾಡಿನ, ರಾಜಕುಮಾರಿ ಆನ್ ಇಂಗ್ಲೆಂಡಿನ ರಾಜ 2ನೇ ರಿಚರ್ಡ್‌ನನ್ನು ಮದುವೆಯಾದಳು. ಎರಡು ದೇಶಗಳ ನಡುವೆ ಓಡಾಟ ಜಾಸ್ತಿಯಾಯಿತು. ಜೆಕ್ ವಿದ್ಯಾರ್ಥಿಗಳು ಆಕ್ಸ್‌ಫರ್ಡ್‌ಗೆ ಹೋದರು, ವೈಕ್ಲಿಫ್‌ನ ಬರಹಗಳನ್ನು ಕೈಯಲ್ಲಿ ನಕಲು ಮಾಡಿಕೊಂಡು ಬಂದರು. ಅವರಲ್ಲಿ ಮುಖ್ಯನಾದವನು ಹುಸ್‌ನ ಗೆಳೆಯ ಪ್ರಾಗ್‌ನ ಜೆರೋಮ್.

ಹಾಗೆಂದು ಜೆಕ್ ಸುಧಾರಣೆ ಇಂಗ್ಲೆಂಡಿನಿಂದ ಬಂದ ಸಾಲ ಎಂದರೆ ತಪ್ಪಾಗುತ್ತದೆ. ಅದಕ್ಕೆ ಅದರದೇ ಬೇರಿತ್ತು. 1363ರಲ್ಲಿ ಯಾನ್ ಮಿಲಿಚ್ ಎಂಬವನು ಒಳ್ಳೆಯ ಆದಾಯದ ಚರ್ಚ್ ಹುದ್ದೆ ಬಿಟ್ಟು ಪ್ರಾಗ್‌ನ ಬೀದಿ ಜನರ ನಡುವೆ ಬೋಧನೆಗೆ ಇಳಿದಿದ್ದ. ವೇಶ್ಯಾವೃತ್ತಿ ಬಿಟ್ಟು ಬಂದ ಹೆಂಗಸರಿಗೆ ಜೆರೂಸಲೇಮ್ ಎಂಬ ಹೆಸರಿನಲ್ಲಿ ಆಶ್ರಯ ಕಟ್ಟಿದ. ಅವನ ಮೇಲೂ ದೂರು ಹೋಯಿತು. ಉತ್ತರ ಹೇಳಲು ಅವಿನ್ಯೋನ್‌ಗೆ ಹೋದವನು 1374ರಲ್ಲಿ ಅಲ್ಲೇ ತೀರಿಕೊಂಡ. ಈ ಚಳವಳಿಯ ಕಥೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರವೆನಿಸುವವನು ಮಿಲಿಚ್. ಅವನು ಸುಧಾರಣೆಯ ಬಗ್ಗೆ ಮಾತಾಡಿದ್ದಷ್ಟೇ ಅಲ್ಲ, ಬದುಕಿ ತೋರಿಸಿದ.

ಅವನ ನೆನಪಿನಲ್ಲಿ ಬೆಳೆದ ಜನ 1391ರಲ್ಲಿ ಪ್ರಾಗ್‌ನಲ್ಲಿ ಬೆತ್ಲೆಹೆಮ್ ಚಾಪೆಲ್ ಕಟ್ಟಿಸಿದರು. ಅಲ್ಲಿ ಬೋಧನೆ ನಡೆಯಬೇಕಾದ್ದು ಜೆಕ್ ಭಾಷೆಯಲ್ಲೇ ಎಂಬುದು ಷರತ್ತು. ಸುಮಾರು 3,000 ಜನ ನಿಲ್ಲಬಹುದಾದ ಸಾದಾ ಕಟ್ಟಡ ಅದು. 1402ರಲ್ಲಿ ಯಾನ್ ಹುಸ್ ಅಲ್ಲಿಗೆ ಬೋಧಕನಾಗಿ ಬಂದ. ಬಡ ಮನೆಯ ಹುಡುಗ, ವಿಶ್ವವಿದ್ಯಾಲಯದಲ್ಲಿ ಓದಿ ಮೇಲೆ ಬಂದವನು. ಪಾದ್ರಿಗಳ ದುರಾಸೆಯ ಬಗ್ಗೆ ಅವನು ಅವರ ಎದುರಿಗೇ, ಜನರ ಭಾಷೆಯಲ್ಲಿ ಮಾತಾಡಿದ. ಆಗ ಪ್ರಾಗ್‌ನ ಆರ್ಚ್‌ಬಿಷಪ್ ಆಗಿದ್ದ ಜ್ಬಿನೆಕ್ ಸೈನಿಕ ಹಿನ್ನೆಲೆಯ ಯುವಕ, ಹಣ ಕಟ್ಟಿ ಆ ಪೀಠ ಪಡೆದವನು. ಮೊದಲ ಕೆಲವು ವರ್ಷ ಅವನೂ ಹುಸ್‌ನನ್ನು ಮೆಚ್ಚಿಕೊಂಡಿದ್ದ. ಆಮೇಲೆ ಸಂಬಂಧ ಕೆಟ್ಟಿತು. 1410ರಲ್ಲಿ ವೈಕ್ಲಿಫ್‌ನ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ.

ನಿಜವಾದ ಬಿರುಕು ಬಿಟ್ಟಿದ್ದು 1412ರಲ್ಲಿ. ಪೀಸಾದಲ್ಲಿ ಆಯ್ಕೆಯಾದ ಪೋಪ್‌ನ ಉತ್ತರಾಧಿಕಾರಿ 23ನೇ ಜಾನ್‌ಗೆ ನೇಪಲ್ಸ್‌ನ ರಾಜ ಲಾಡಿಸ್ಲಾಸ್ ಜೊತೆ ಯುದ್ಧವಿತ್ತು. ಅದನ್ನು ಧರ್ಮಯುದ್ಧ ಎಂದು ಸಾರಿ, ಹಣಕ್ಕಾಗಿ ಪಾಪ ವಿಮೋಚನಾ ಪತ್ರಗಳನ್ನು ಹೊರಡಿಸಿದ. ಚರ್ಚಿನ ಬೋಧನೆಯ ಪ್ರಕಾರ ಪಾಪವನ್ನು ದೇವರು ಕ್ಷಮಿಸಿದ ಮೇಲೂ ಶಿಕ್ಷೆ ಬಾಕಿ ಇರುತ್ತದೆ. ಸತ್ತ ಮೇಲೆ ಆತ್ಮ ಶುದ್ಧವಾಗುವವರೆಗೆ ಅದನ್ನು ಅನುಭವಿಸಬೇಕು. ಕ್ರಿಸ್ತ ಮತ್ತು ಸಂತರ ಪುಣ್ಯದ ಭಂಡಾರದಿಂದ ಆ ಶಿಕ್ಷೆಯನ್ನು ಕಡಿಮೆ ಮಾಡುವ ಅಧಿಕಾರ ಪೋಪ್‌ಗೆ ಇದೆ. ಪಶ್ಚಾತ್ತಾಪ, ಪಾಪನಿವೇದನೆ ಇದಕ್ಕೆ ಮೊದಲು ಆಗಲೇಬೇಕು ಎಂಬುದು ನಿಯಮ. ಪ್ರಾಗ್‌ನ ಚರ್ಚುಗಳಲ್ಲಿ ಹಣದ ಪೆಟ್ಟಿಗೆಗಳನ್ನು ಇಟ್ಟಾಗ ಆ ನಿಯಮ ಯಾರಿಗೆ ನೆನಪಿತ್ತು? ಬೊಹೀಮಿಯಾದ ರಾಜ ವೆನ್ಸೆಸ್ಲಾಸ್‌ಗೂ ಸಂಗ್ರಹದಲ್ಲಿ ಪಾಲು ಸಿಗುತ್ತಿತ್ತು.

ಹುಸ್ ಎದ್ದು ನಿಂತ. ಪೋಪ್‌ಗಾಗಲಿ ಬಿಷಪ್‌ಗಾಗಲಿ ಚರ್ಚಿನ ಹೆಸರಿನಲ್ಲಿ ಕತ್ತಿ ಎತ್ತುವ ಹಕ್ಕಿಲ್ಲ, ಪಾಪ ಕ್ಷಮೆ ದುಡ್ಡಿಗೆ ಸಿಗುವುದಿಲ್ಲ ಎಂದ. ರಾಜನ ಬೆಂಬಲ ಹೋಯಿತು. ಹಳೆಯ ಗೆಳೆಯರಾದ ಪ್ರಾಧ್ಯಾಪಕರೂ ಕೈಬಿಟ್ಟರು. ಆ ಜುಲೈನಲ್ಲಿ ಚರ್ಚಿನೊಳಗೇ ಪತ್ರ ಮಾರಾಟವನ್ನು ವಿರೋಧಿಸಿ ಕೂಗಿದ ಮೂವರು ಯುವಕರ ತಲೆ ಕಡಿದರು. ಜನ ಅವರ ದೇಹಗಳನ್ನು ಬೆತ್ಲೆಹೆಮ್ ಚಾಪೆಲ್‌ಗೆ ಮೆರವಣಿಗೆಯಲ್ಲಿ ತಂದು ಹುತಾತ್ಮರಂತೆ ಮಣ್ಣು ಮಾಡಿದರು. ಹುಸ್ ಇರುವ ತನಕ ಪ್ರಾಗ್‌ನಲ್ಲಿ ಪೂಜೆ, ಮದುವೆ, ಶವಸಂಸ್ಕಾರ ಯಾವುದೂ ನಡೆಯಕೂಡದು ಎಂಬ ಆಜ್ಞೆ ಬಂತು. ಜನರಿಗೆ ತೊಂದರೆಯಾಗಬಾರದೆಂದು ಅವನು ಊರು ಬಿಟ್ಟ. ಹೋಗುವ ಹೊತ್ತಿಗೆ ತನ್ನ ಮೇಲ್ಮನವಿಯನ್ನು ಪೋಪ್‌ಗೆ ಬರೆಯಲಿಲ್ಲ, ನೇರವಾಗಿ ಕ್ರಿಸ್ತನಿಗೇ ಬರೆದ. ಚರ್ಚಿನ ಕಾನೂನಿನಲ್ಲಿ ಅಂಥದ್ದೊಂದು ನ್ಯಾಯಾಲಯವೇ ಇರಲಿಲ್ಲ.

ಹಳ್ಳಿಗಾಡಿನಲ್ಲಿ ಕಳೆದ ಎರಡು ವರ್ಷದಲ್ಲಿ ಅವನು ಬಯಲಲ್ಲಿ ಬೋಧಿಸಿದ, ಬಹಳ ಬರೆದ. ಹುದ್ದೆ ಮಾರಾಟದ ಬಗ್ಗೆ ಜೆಕ್‌ನಲ್ಲೊಂದು ಪುಸ್ತಕ, ಚರ್ಚ್ ಎಂದರೆ ಯಾರು ಎಂಬ ಬಗ್ಗೆ ಲ್ಯಾಟಿನ್‌ನಲ್ಲೊಂದು ಪುಸ್ತಕ. ಈ ಎರಡನೆಯದೇ ಅವನ ಪ್ರಾಣಕ್ಕೆ ಮುಳುವಾಯಿತು. ಚರ್ಚ್ ಎಂದರೆ ದೇವರು ಆರಿಸಿಕೊಂಡವರ ಕೂಟ, ಅದರ ತಲೆ ಕ್ರಿಸ್ತ ಮಾತ್ರ ಎಂದು ಅಲ್ಲಿ ವಾದಿಸಿದ್ದ. ಕ್ರಿಸ್ತನ ಶಿಷ್ಯ, ಮೊದಲ ಪೋಪ್ ಎಂದು ಚರ್ಚ್ ನಂಬುವ ಪೇತ್ರನಂತೆ ಬದುಕದ ಪೋಪ್ ಪೇತ್ರನ ಉತ್ತರಾಧಿಕಾರಿ ಹೇಗಾಗುತ್ತಾನೆ ಎಂದು ಕೇಳಿದ್ದ.

ಮೂವರು ಪೋಪ್‌ಗಳ ಗೊಂದಲ ಮುಗಿಸಲು ಜರ್ಮನಿಯ ರಾಜ ಸಿಗಿಸ್ಮಂಡ್ 1414ರಲ್ಲಿ ಕಾನ್‌ಸ್ಟಾನ್ಸ್ ಸಭೆ ಸೇರಿಸಿದ. ಹುಸ್‌ಗೂ ಕರೆ ಬಂತು, ಜೊತೆಗೆ ರಾಜನ ಅಭಯಪತ್ರದ ಭರವಸೆಯೂ ಬಂತು. ನವೆಂಬರ್ 3ರಂದು ಹುಸ್ ಊರು ತಲುಪಿದ. 28ರಂದು ಸೆರೆಯಾದ. ಧರ್ಮದ್ರೋಹಿಗೆ ಕೊಟ್ಟ ಮಾತು ಬಂಧಿಸುವುದಿಲ್ಲ ಎಂಬ ವಾದದ ಮುಂದೆ ಸಿಗಿಸ್ಮಂಡ್ ಬಗ್ಗಿದ.

ಆ ಸಭೆಯಲ್ಲಿ ಸುಧಾರಣೆಯ ಮಾತು ಬೇಕಾದಷ್ಟಿತ್ತು. ಕಾರ್ಡಿನಲ್ ಪಿಯೆರ್ ದಾಯಿ, ಪ್ಯಾರಿಸ್ ವಿಶ್ವವಿದ್ಯಾಲಯದ ಜಾನ್ ಜೆರ್ಸನ್ ಚರ್ಚಿನ ಕೊಳಕನ್ನು ಕಠಿಣವಾಗಿ ಖಂಡಿಸಿದವರು. ಮಹಾಸಭೆ ಪೋಪ್‌ಗಿಂತ ದೊಡ್ಡದು ಎಂದು 1415ರ ಏಪ್ರಿಲ್‌ನಲ್ಲಿ ನಿರ್ಣಯವೇ ಆಯಿತು. ಹುಸ್ ವಿರುದ್ಧ ಗಟ್ಟಿಯಾಗಿ ನಿಂತವರಲ್ಲೂ ಇವರೇ ಮುಂದಿದ್ದರು. ಅವರ ದೃಷ್ಟಿಯಲ್ಲಿ ಕೆಟ್ಟ ಪೋಪ್‌ನನ್ನು ಸರಿಯಾದ ಸಭೆ ಇಳಿಸಬಹುದು. ಪೀಠ ಹಾಗೇ ಉಳಿಯುತ್ತದೆ. ಹುಸ್ ಹೇಳುತ್ತಿದ್ದದ್ದು ಬೇರೆ. ಪಾಪಿ ಪೋಪ್ ದೇವರ ಕಣ್ಣಿನಲ್ಲಿ ಈಗಾಗಲೇ ಪೋಪ್ ಅಲ್ಲ. ಅದನ್ನು ತಿಳಿಯಲು ಶ್ರದ್ಧೆಯುಳ್ಳ ಯಾರಿಗೂ ಸಭೆಯ ಠರಾವು ಬೇಕಿಲ್ಲ.

ಜೂನ್ 8ರ ವಿಚಾರಣೆಯಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿದ್ದ ಪೀಟರ್ ಎಂಬ ಜೆಕ್ ಯುವಕ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಪೋಪ್, ಬಿಷಪ್ ಬಗ್ಗೆ ಹೇಳಿದ್ದನ್ನೇ ಹುಸ್ ರಾಜನ ಬಗ್ಗೆಯೂ ಹೇಳಿದ. ಘೋರ ಪಾಪದಲ್ಲಿರುವ ರಾಜ ದೇವರ ಎದುರು ನಿಜವಾದ ರಾಜನಲ್ಲ ಎಂದ. ಕಿಟಕಿಯ ಹತ್ತಿರ ನಿಂತಿದ್ದ ಸಿಗಿಸ್ಮಂಡ್‌ನನ್ನು ಕರೆಸಿ, ಆ ಮಾತನ್ನು ಅವನ ಎದುರು ಮತ್ತೆ ಹೇಳಿಸಿದರು. ಪಾದ್ರಿಗಳ ಅಧಿಕಾರ ಕೆಡವಿದ್ದು ಸಾಲದೆ ರಾಜರನ್ನೂ ಕೆಡವಲು ಹೊರಟೆಯಾ ಎಂದು ದಾಯಿ ಕೇಳಿದ. 23ನೇ ಜಾನ್ ನಿಜವಾದ ಪೋಪ್ ಆಗಿದ್ದರೆ ಅವನನ್ನು ನೀವು ಇಳಿಸಿದ್ದು ಯಾಕೆ ಎಂದು ಹುಸ್ ತಿರುಗಿ ಕೇಳಿದ. ಇಡೀ ವಿಚಾರಣೆಯ ತಿರುಳು ಇದೇ ಎಂದು ನನಗನಿಸುತ್ತದೆ. ಭ್ರಷ್ಟಾಚಾರ ಇದೆ ಎಂದವರಿಗೆ ಆ ಸಭೆಯಲ್ಲಿ ಕುರ್ಚಿ ಇತ್ತು. ಭ್ರಷ್ಟನ ಮಾತನ್ನು ನಾನೇಕೆ ಕೇಳಬೇಕು ಎಂದವನಿಗೆ ಇರಲಿಲ್ಲ.

ತಪ್ಪೊಪ್ಪಿಕೊಂಡರೆ ಪ್ರಾಣ ಉಳಿಯುತ್ತಿತ್ತು. ಆದರೆ ಆರೋಪಗಳಲ್ಲಿ ಅನೇಕವು ಹುಸ್ ಎಂದೂ ಹೇಳದವು. ಪರಮಪ್ರಸಾದದ, ಅಂದರೆ ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸದ, ಬಗ್ಗೆ ವೈಕ್ಲಿಫ್ ಹೇಳಿದ್ದನ್ನು ಅವನು ಒಪ್ಪಿರಲೇ ಇಲ್ಲ. ಆಡದ ಮಾತನ್ನು ಬಿಟ್ಟೆ ಎಂದು ಪ್ರಮಾಣ ಮಾಡಿದರೆ ಅದೇ ಸುಳ್ಳಾಗುತ್ತದೆ, ತನ್ನನ್ನು ನಂಬಿದ ಜನರಿಗೆ ಮೋಸವಾಗುತ್ತದೆ ಎಂದು ನಿರಾಕರಿಸಿದ. ದೆವ್ವಗಳ ಚಿತ್ರ ಬರೆದ ಕಾಗದದ ಟೋಪಿ ಹಾಕಿ ಅವನನ್ನು ಕಂಬಕ್ಕೆ ಕಟ್ಟಿದರು. ಮರುವರ್ಷ ಮೇ 30ರಂದು ಜೆರೋಮ್‌ನನ್ನೂ ಸುಟ್ಟರು. ವೈಕ್ಲಿಫ್‌ನ ಎಲುಬುಗಳನ್ನು ಅಗೆದು ತೆಗೆಯಬೇಕು ಎಂದೂ ಅದೇ ಸಭೆ ಆಜ್ಞೆ ಮಾಡಿತ್ತು. 1428ರಲ್ಲಿ ಅಗೆದು, ಸುಟ್ಟು, ಸ್ವಿಫ್ಟ್ ಎಂಬ ಹೊಳೆಗೆ ಹಾಕಿದರು.

ಬೆಂಕಿಯಿಂದ ವಿಷಯ ಮುಗಿಯಲಿಲ್ಲ. 1415ರ ಸೆಪ್ಟೆಂಬರ್‌ನಲ್ಲಿ ಬೊಹೀಮಿಯಾ, ಮೊರಾವಿಯಾದ 452 ಗಣ್ಯರು ಮುದ್ರೆ ಒತ್ತಿ ಪ್ರತಿಭಟನೆಯ ಪತ್ರ ಕಳಿಸಿದರು. ಪರಮಪ್ರಸಾದದಲ್ಲಿ ರೊಟ್ಟಿ ಮಾತ್ರ ಜನರಿಗೆ, ದ್ರಾಕ್ಷಾರಸದ ಪಾತ್ರೆ ಪಾದ್ರಿಗೆ ಎಂಬ ರೂಢಿಯನ್ನು ಜೆಕ್ ಜನ ಮುರಿದರು. ಆ ಪಾತ್ರೆಯೇ ಚಳವಳಿಯ ಚಿಹ್ನೆಯಾಯಿತು. 1420ರಿಂದ 1431ರ ನಡುವೆ ಅವರ ಮೇಲೆ ಐದು ಧರ್ಮಯುದ್ಧಗಳು ನಡೆದವು. ಒಕ್ಕಣ್ಣಿನ ಸೇನಾಪತಿ ಯಾನ್ ಜಿಷ್ಕಾ ಗಾಡಿಗಳನ್ನು ಸಾಲಾಗಿ ಕಟ್ಟಿ ಕೋಟೆ ಮಾಡಿ, ರೈತರನ್ನು ನಿಲ್ಲಿಸಿ ಸರದಾರರ ಕುದುರೆ ಪಡೆಗಳನ್ನು ಸೋಲಿಸಿದ. ಹುಸ್‌ನ ಹೆಸರಿನಲ್ಲಿ ಮಠಗಳು ಸುಟ್ಟವು, ನಿರಪರಾಧಿಗಳೂ ಸತ್ತರು. ಅದನ್ನೂ ಹೇಳಲೇಬೇಕು. ಕೊನೆಗೆ ತಮ್ಮೊಳಗೇ ಒಡೆದು, 1434ರಲ್ಲಿ ಲಿಪಾನಿಯಲ್ಲಿ ಮಧ್ಯಮ ಪಕ್ಷ ಉಗ್ರ ಪಕ್ಷವನ್ನು ಸೋಲಿಸಿತು. 1436ರಲ್ಲಿ ಚರ್ಚ್ ಜೆಕ್ ಜನರಿಗೆ ಪಾತ್ರೆಯ ಹಕ್ಕನ್ನು ಒಪ್ಪಂದದ ಮೂಲಕ ಬಿಟ್ಟುಕೊಟ್ಟಿತು.

1517ರಲ್ಲಿ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಪಾಪ ವಿಮೋಚನಾ ಪತ್ರಗಳ ವಿರುದ್ಧ ಬರೆದಾಗ ಅವನಿಗೆ ಹುಸ್ ಒಬ್ಬ ಧರ್ಮದ್ರೋಹಿ ಅಷ್ಟೇ ಆಗಿದ್ದ. 1519ರ ಲೈಪ್‌ಜಿಗ್ ವಾದದಲ್ಲಿ ಎದುರಾಳಿ ಯೋಹಾನ್ ಎಕ್ ಅವನನ್ನು ಮೂಲೆಗೆ ತಳ್ಳಿದ. ನೀನು ಹೇಳುವುದು ಹುಸ್ ಹೇಳಿದ್ದನ್ನೇ ಅಲ್ವಾ ಎಂದು ಕೇಳಿದ. ಲೂಥರ್ ಯೋಚಿಸಿ, ಹುಸ್‌ನ ಮಾತುಗಳಲ್ಲಿ ಎಷ್ಟೋ ನಿಜವಾದ ಕ್ರೈಸ್ತ ಮಾತುಗಳಿವೆ ಎಂದ. ಆ ವರ್ಷವೇ ಪ್ರಾಗ್‌ನಿಂದ ಹುಸ್‌ನ ಚರ್ಚಿನ ಕುರಿತ ಪುಸ್ತಕ ಅವನ ಕೈಸೇರಿತು. ಓದಿ ಮುಗಿಸಿ, ನಾವೆಲ್ಲ ಗೊತ್ತಿಲ್ಲದೆಯೇ ಹುಸ್‌ನ ಕಡೆಯವರು ಎಂದು ಗೆಳೆಯನಿಗೆ ಬರೆದ. ಕೈಬರಹದಲ್ಲಿ ಹರಿದಾಡುತ್ತಿದ್ದ ಆ ಪುಸ್ತಕ 1520ರಲ್ಲಿ ಅಚ್ಚಾಯಿತು. ಮರುವರ್ಷ ವರ್ಮ್ಸ್ ಎಂಬ ಊರಿನಲ್ಲಿ ಚಕ್ರವರ್ತಿ ಸೇರಿಸಿದ ಸಭೆಗೆ ಲೂಥರ್‌ಗೆ ಕರೆ ಬಂದಾಗ, ಹುಸ್‌ಗೆ ಆದದ್ದನ್ನು ನೆನಪಿಸಿ ಗೆಳೆಯರು ತಡೆದರು. ಅವನು ಹೋದ. ಈ ಸಲ ಚಕ್ರವರ್ತಿ ಅಭಯಪತ್ರದ ಮಾತು ಉಳಿಸಿಕೊಂಡ.