ಏಪ್ರಿಲ್‌ನಲ್ಲೇ ಯಾಕೆ ಬೆಂಕಿ? ಕ್ಯಾನ್ಸಸ್ ಹುಲ್ಲುಗಾವಲಿನ ಹಳೇ ಜಗಳ

ಪ್ರತಿ ವರ್ಷ ಮಾರ್ಚ್ ಕೊನೆಯಿಂದ ಏಪ್ರಿಲ್ ಮುಗಿಯುವವರೆಗೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಪೂರ್ವದ ಗುಡ್ಡಗಳು ಉರಿಯುತ್ತವೆ. ಇದು ಕಾಳ್ಗಿಚ್ಚಲ್ಲ. ಜಮೀನಿನವರೇ ಕೈಯಾರೆ ಹಚ್ಚುವ ಬೆಂಕಿ. ಫ್ಲಿಂಟ್ ಹಿಲ್ಸ್ ಅನ್ನುವ ಈ ಸೀಮೆಯಲ್ಲಿ ಸಾಮಾನ್ಯ ವರ್ಷವೊಂದರಲ್ಲಿ ಸುಮಾರು 20 ಲಕ್ಷ ಎಕರೆ ಹುಲ್ಲು ಹೀಗೆ ಸುಡುತ್ತದೆ. ಸುತ್ತಲಿನ ಊರವರು ರಾತ್ರಿ ಕಾರು ನಿಲ್ಲಿಸಿ ಮಕ್ಕಳಿಗೆ ತೋರಿಸುತ್ತಾರೆ. ಗಾಳಿ ಬೀಸಿದ ಕಡೆಯ ಪಟ್ಟಣದವರು ಕೆಮ್ಮುತ್ತಾ ಬೈಯುತ್ತಾರೆ.

ಹುಲ್ಲು ಸುಡಬೇಕಾ, ಬೇಡವಾ ಅನ್ನುವ ವಾದ ಅಲ್ಲಿ ಹೆಚ್ಚುಕಡಿಮೆ ಮುಗಿದಿದೆ. ಸುಡದಿದ್ದರೆ ಹುಲ್ಲುಗಾವಲೇ ಉಳಿಯುವುದಿಲ್ಲ ಎಂದು ದನದ ಮಾಲೀಕರೂ ವಿಜ್ಞಾನಿಗಳೂ ಒಪ್ಪುತ್ತಾರೆ. ಮುಗಿಯದ ಜಗಳ ಬೇರೆ. ಯಾವಾಗ ಸುಡಬೇಕು, ಎಷ್ಟು ವರ್ಷಕ್ಕೊಮ್ಮೆ ಸುಡಬೇಕು, ಯಾರ ಅನುಕೂಲಕ್ಕೆ ಸುಡಬೇಕು? ಇದರ ಬೇರು ಹುಡುಕಿದರೆ ಎರಡು ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ನೆಲದ ವಿಷಯ. ಉತ್ತರ ಅಮೆರಿಕದ ನಡುಭಾಗದಲ್ಲಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆ ಎತ್ತರದ ಹುಲ್ಲಿನ ಪ್ರೇರಿ, ಅಂದರೆ ಮರವಿಲ್ಲದ ಹುಲ್ಲು ಬಯಲು, ಇತ್ತು. ಆಳೆತ್ತರ ಮೀರಿ ಬೆಳೆಯುವ ಹುಲ್ಲು ಅದು. ಇವತ್ತು ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ. ಉಳಿದದ್ದೆಲ್ಲ ಎಲ್ಲಿ ಹೋಯಿತು ಅಂದರೆ, ನೇಗಿಲಿಗೆ ಹೋಯಿತು. 1837ರಲ್ಲಿ ಇಲಿನಾಯ್ ರಾಜ್ಯದಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಉಕ್ಕಿನ ನೇಗಿಲು ಮಾಡಿದ. ಅಂಟು ಮಣ್ಣನ್ನು ಸಲೀಸಾಗಿ ಸೀಳುವ ನೇಗಿಲು. 1862ರ ಹೋಮ್‌ಸ್ಟೆಡ್ ಕಾಯ್ದೆ ಬಂದು, ಐದು ವರ್ಷ ಇದ್ದು ಉಳುಮೆ ಮಾಡಿದವರಿಗೆ 160 ಎಕರೆ ಕೊಟ್ಟಿತು. ಅಯೋವಾ, ಇಲಿನಾಯ್‌ಗಳ ಹುಲ್ಲೆಲ್ಲ ಮೆಕ್ಕೆಜೋಳದ ಹೊಲ ಆಗಿದ್ದು ಹೀಗೆ.

ಫ್ಲಿಂಟ್ ಹಿಲ್ಸ್ ಮಾತ್ರ ನೇಗಿಲಿಗೆ ಬಗ್ಗಲಿಲ್ಲ. ಮೇಲೆ ತೆಳುವಾದ ಮಣ್ಣು, ಕೆಳಗೆ ಸುಣ್ಣದ ಕಲ್ಲು, ಅದರ ಪದರಗಳ ನಡುವೆ ಚಕಮಕಿ ಕಲ್ಲು, ಇಂಗ್ಲಿಷಿನಲ್ಲಿ ಫ್ಲಿಂಟ್. ಗುಳ ಇಟ್ಟರೆ ಗುಳವೇ ಮುರಿಯುತ್ತದೆ. 1806ರಲ್ಲಿ ಈ ದಾರಿಯಲ್ಲಿ ಹೋದ ಸೇನಾಧಿಕಾರಿ ಜೆಬ್ಯುಲಾನ್ ಪೈಕ್ ತನ್ನ ದಿನಚರಿಯಲ್ಲಿ ಈ ಗುಡ್ಡಗಳ ಒರಟುತನವನ್ನು ಬರೆದುಕೊಂಡ. ಅವನು ಬರೆದ ಹೆಸರೇ ಸೀಮೆಗೆ ನಿಂತಿತು. ಇವತ್ತು ಉಳಿದಿರುವ ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಬಹುಪಾಲು ಇಲ್ಲಿ ಮತ್ತು ಇದಕ್ಕೆ ಅಂಟಿಕೊಂಡ ಒಕ್ಲಹೋಮಾದ ಒಸೇಜ್ ಗುಡ್ಡಗಳಲ್ಲಿದೆ. ಯಾರದೋ ಪರಿಸರ ಪ್ರೇಮದಿಂದ ಉಳಿದದ್ದಲ್ಲ, ಕಲ್ಲಿನ ದಯೆಯಿಂದ ಉಳಿದದ್ದು.

ಆದರೆ ಕಲ್ಲು ನೇಗಿಲನ್ನು ತಡೆಯಬಲ್ಲದು, ಮರವನ್ನಲ್ಲ. ಅಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಮರ ಬೆಳೆಯಲು ಅಷ್ಟು ಧಾರಾಳ ಸಾಕು. ಹಾಗಿದ್ದೂ ಅಲ್ಲಿ ಕಾಡು ಆಗದಿರಲು ಕಾರಣ ಮೂರು: ಆಗಾಗ ಬರುವ ಬರ, ಮೇಯುವ ಪ್ರಾಣಿ, ಬೆಂಕಿ. ಸಿಡಿಲಿನಿಂದ ಒಂದಷ್ಟು ಬೆಂಕಿ ಹತ್ತುತ್ತಿತ್ತು, ನಿಜ. ಜಾಸ್ತಿ ಬೆಂಕಿ ಹಚ್ಚುತ್ತಿದ್ದದ್ದು ಮನುಷ್ಯರು.

ಅಲ್ಲಿನ ಮೂಲನಿವಾಸಿಗಳಾದ ಕಾನ್ಸಾ, ಒಸೇಜ್, ಪಾನೀ ಜನರಿಗೆ ಬೆಂಕಿ ಒಂದು ಸಲಕರಣೆ. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಎಳೆ ಹುಲ್ಲಿಗೆ ಬೈಸನ್ ಬರುತ್ತದೆ. ಇದು ನಮ್ಮ ಕಾಟಿಯಲ್ಲ, ಹೆಗಲ ಮೇಲೆ ಗುಡ್ಡೆಯಂಥ ಡುಬ್ಬ, ಕತ್ತಿನ ಸುತ್ತ ದಟ್ಟ ಕೂದಲಿರುವ ಬೇರೆ ಪ್ರಾಣಿ. ಎಲ್ಲಿ ಸುಡುತ್ತೇವೋ ಅಲ್ಲಿಗೆ ಬೇಟೆ ಬರುತ್ತದೆ ಅಂದಮೇಲೆ ಎಲ್ಲವನ್ನೂ ಒಟ್ಟಿಗೆ ಯಾಕೆ ಸುಡಬೇಕು? ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಕೆಲವು ಸಲ ಶರತ್ಕಾಲದಲ್ಲಿ, ಕೆಲವು ಸಲ ವಸಂತದಲ್ಲಿ. ಹಾಗಾಗಿ ಯಾವ ಹೊತ್ತಿಗೆ ನೋಡಿದರೂ ಒಂದು ಕಡೆ ಕರಿ ನೆಲ, ಒಂದು ಕಡೆ ಎಳೆ ಹಸಿರು, ಇನ್ನೊಂದು ಕಡೆ ಎರಡು ಮೂರು ವರ್ಷದ ಒಣ ಹುಲ್ಲು ನಿಂತಿರುತ್ತಿತ್ತು. ಈ ಚೂರುಚೂರು ನಕ್ಷೆ ಮುಂದೆ ಎಷ್ಟು ಮುಖ್ಯ ಆಗುತ್ತದೆ ನೋಡಿ.

ಆ ನಕ್ಷೆ ಬರೆದವರನ್ನೇ ಅಲ್ಲಿಂದ ಎಬ್ಬಿಸಲಾಯಿತು. 1825ರಿಂದ ಒಪ್ಪಂದದ ಮೇಲೆ ಒಪ್ಪಂದ ಮಾಡಿಸಿ ಕಾನ್ಸಾ ಜನರ ನೆಲ ಕಿರಿದು ಮಾಡಿದರು. 1846ರಲ್ಲಿ ಕೌನ್ಸಿಲ್ ಗ್ರೋವ್ ಊರಿನ ಸುತ್ತ ಒಂದು ತುಂಡು ಕೊಟ್ಟರು. 1873ರಲ್ಲಿ ಅದನ್ನೂ ಬಿಡಿಸಿ ಈಗಿನ ಒಕ್ಲಹೋಮಾಗೆ ಅಟ್ಟಿದರು. ರಾಜ್ಯದ ಹೆಸರಾಗಿ ಉಳಿದವರು ರಾಜ್ಯದಲ್ಲಿ ಉಳಿಯಲಿಲ್ಲ. ಬೈಸನ್ ಕಥೆಯೂ ಅದೇ. ಕೋಟಿಗಟ್ಟಲೆ ಇದ್ದದ್ದು 1889ರ ಎಣಿಕೆ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದಿತ್ತು.

ಬೈಸನ್ ಹೋದ ಜಾಗಕ್ಕೆ ದನ ಬಂತು. 1867ರಲ್ಲಿ ಅಬಿಲೀನ್ ಊರಿನ ರೈಲು ನಿಲ್ದಾಣಕ್ಕೆ ಟೆಕ್ಸಾಸ್‌ನಿಂದ ಹಿಂಡುಹಿಂಡು ದನ ಹೊಡೆದುಕೊಂಡು ಬರುವುದು ಶುರುವಾಯಿತು. ಕೌಬಾಯ್ ಅಂತ ನಾವು ಸಿನಿಮಾದಲ್ಲಿ ನೋಡಿದ್ದೆಲ್ಲ ಸುಮಾರು ಇಪ್ಪತ್ತು ವರ್ಷದ ಆ ದಂಧೆಯ ನೆರಳು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಬಯಲಿಗೆ ಬೇಲಿ ಬಿತ್ತು. ಆಮೇಲೆ ಟೆಕ್ಸಾಸ್‌ನ ದನ ರೈಲಿನಲ್ಲೇ ಫ್ಲಿಂಟ್ ಹಿಲ್ಸ್‌ಗೆ ಬರತೊಡಗಿತು. ಬೇಸಿಗೆಯಿಡೀ ಮೇಯ್ದು, ದಪ್ಪಗಾಗಿ, ಮತ್ತೆ ರೈಲು ಹತ್ತಿ ಕ್ಯಾನ್ಸಸ್ ಸಿಟಿ, ಶಿಕಾಗೋ ಕಸಾಯಿಖಾನೆಗೆ.

ಏಪ್ರಿಲ್ ಬೆಂಕಿ ಪದ್ಧತಿಯಾದದ್ದು ಇಲ್ಲಿ. ದನ ಒಬ್ಬರದು, ಹುಲ್ಲು ಇನ್ನೊಬ್ಬರದು. ಸುಟ್ಟ ಗಾವಲಲ್ಲಿ ಮೇಯ್ದ ಹೋರಿ ಬೇಗ ತೂಕ ಏರಿಸುತ್ತದೆ ಎಂದು ಟೆಕ್ಸಾಸ್ ಮಾಲೀಕರು ಕಣ್ಣಾರೆ ಕಂಡಿದ್ದರು. ಹಾಗಾಗಿ ಹುಲ್ಲಿನ ಗುತ್ತಿಗೆ ಮಾತಾಡುವಾಗಲೇ, ದನ ಬರುವ ಮುಂಚೆ ಸುಟ್ಟಿರಬೇಕು ಅನ್ನುವ ಷರತ್ತು ಹಾಕತೊಡಗಿದರು. ದನ ಬರುವುದು ಮೇ ಶುರುವಿಗೆ. ಬೆಂಕಿ ಅದಕ್ಕೆ ಸರಿಯಾಗಿ ಏಪ್ರಿಲ್‌ಗೆ ಬಂತು. ಇದರಲ್ಲಿ ಹುಲ್ಲಿನ ಶಾಸ್ತ್ರಕ್ಕಿಂತ ರೈಲಿನ ವೇಳಾಪಟ್ಟಿಯೇ ಜಾಸ್ತಿ ಇತ್ತು ಅನ್ನುವುದು ನನ್ನ ಅನುಮಾನ.

ಶಾಸ್ತ್ರ ಬಂದದ್ದು ಆಮೇಲೆ, ಅದೂ ಬೆಂಕಿಗೆ ವಿರುದ್ಧವಾಗಿ. 1910ರಲ್ಲಿ ಅಮೆರಿಕದ ವಾಯವ್ಯದ ಕಾಡುಗಳು ಭಾರೀ ಬೆಂಕಿಗೆ ಸಿಕ್ಕ ಮೇಲೆ ಅಲ್ಲಿನ ಅರಣ್ಯ ಇಲಾಖೆ ಎಲ್ಲ ಬೆಂಕಿಯನ್ನೂ ಶತ್ರು ಎಂದು ನೋಡತೊಡಗಿತು. 1935ರಲ್ಲಿ ಒಂದು ನಿಯಮವೇ ಆಯಿತು: ಇವತ್ತು ಕಂಡ ಬೆಂಕಿ ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ಬರಬೇಕು. ಹುಲ್ಲು ಸುಡುವುದು ಓದಿಲ್ಲದವರ ಕೆಟ್ಟ ಚಾಳಿ ಎಂಬ ಮಾತು ಕೃಷಿ ಪಂಡಿತರ ಬಾಯಲ್ಲೂ ಇತ್ತು. ಆದರೆ ಕ್ಯಾನ್ಸಸ್ ಕೃಷಿ ಕಾಲೇಜಿನಲ್ಲಿ 1918ರಲ್ಲೇ ಹೆನ್ಸೆಲ್ ಎಂಬ ವಿಜ್ಞಾನಿ ಸುಟ್ಟ ತಾಕು, ಸುಡದ ತಾಕು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರು. ಅಂದುಕೊಂಡಷ್ಟು ಹಾನಿ ಕಾಣಲಿಲ್ಲ. ಮುಂದಿನ ದಶಕಗಳ ಪ್ರಯೋಗಗಳು ಮಾಲೀಕರ ಅನುಭವವನ್ನೇ ಅಂಕಿಯಲ್ಲಿ ಹೇಳಿದವು. ವಸಂತದ ಕೊನೆಗೆ ಸುಟ್ಟ ಗಾವಲಲ್ಲಿ ಹೋರಿಯೊಂದು ಹಂಗಾಮಿಗೆ ಹತ್ತು ಹದಿನೈದು ಕೆಜಿ ಜಾಸ್ತಿ ತೂಗುತ್ತಿತ್ತು.

ಬೆಂಕಿ ಹುಲ್ಲಿಗೆ ಏನು ಮಾಡುತ್ತದೆ ಅನ್ನುವುದು ಸರಳ. ಬಿಗ್ ಬ್ಲೂಸ್ಟೆಮ್ ಎಂಬ ಇಲ್ಲಿನ ಮುಖ್ಯ ಹುಲ್ಲಿನ ಬೇರು ಎರಡು ಮೂರು ಮೀಟರ್ ಆಳಕ್ಕೆ ಹೋಗುತ್ತದೆ. ಚಳಿಗಾಲ ಕಳೆದಾಗ ಅದರ ಮೊಳಕೆ ಇನ್ನೂ ಮಣ್ಣಿನೊಳಗೇ ಇರುತ್ತದೆ. ಮೇಲಿನ ಒಣ ತರಗು ಸುಟ್ಟರೆ ಅದಕ್ಕೆ ನೋವಿಲ್ಲ. ತರಗು ಹೋದ ಮೇಲೆ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಕರಿ ನೆಲ ಬೇಗ ಕಾಯುತ್ತದೆ. ಒಂದೆರಡು ವಾರದಲ್ಲಿ ಗುಡ್ಡವಿಡೀ ಹಸಿರು.

ಹಚ್ಚುವ ಕೆಲಸ ಮಾತ್ರ ಸರಳವಲ್ಲ. ಮೊದಲು ಅಗ್ನಿಶಾಮಕದವರಿಗೆ ಫೋನ್ ಮಾಡಿ ತಿಳಿಸಬೇಕು. ನೆರೆಯ ಜಮೀನಿನವರು ನೀರಿನ ಟ್ಯಾಂಕು, ಪಂಪು ಹೇರಿದ ಪಿಕಪ್ ಗಾಡಿ ತರುತ್ತಾರೆ. ಇವತ್ತು ನಿಮ್ಮದು, ನಾಳೆ ನಮ್ಮದು ಅನ್ನುವ ಮುಯ್ಯಿ ಲೆಕ್ಕ. ಮೊದಲ ಬೆಂಕಿ ಗಾಳಿ ಹೋಗುತ್ತಿರುವ ಕಡೆಯ ಅಂಚಿಗೆ. ಅಲ್ಲಿ ಅದು ಗಾಳಿಗೆ ಎದುರಾಗಿ, ಮೊಣಕಾಲೆತ್ತರ ಕೂಡ ಏಳದೆ, ಹಿಂದಕ್ಕೆ ನಿಧಾನವಾಗಿ ತಿನ್ನುತ್ತಾ ಬರುತ್ತದೆ. ಹಿಂದೆ ಇದನ್ನು ಒದ್ದೆ ಗೋಣಿಚೀಲದಲ್ಲಿ ಬಡಿದು ಹದ್ದಿನಲ್ಲಿಡುತ್ತಿದ್ದರು. ಅಂಚು ಸಾಕಷ್ಟು ಅಗಲ ಕರಿಯಾದ ಮೇಲೆ ಎರಡೂ ಪಕ್ಕ ಹಚ್ಚುತ್ತಾರೆ. ಕೊನೆಗೆ ಗಾಳಿ ಬರುವ ಕಡೆ. ಹಳಬರು ಪೆಟ್ರೋಲ್ ತುಂಬಿದ ಕಬ್ಬಿಣದ ಕೊಳವೆಯ ತುದಿಗೆ ಬೆಂಕಿ ತಾಗಿಸಿ ಅದನ್ನು ಎಳೆದುಕೊಂಡೇ ಹೋಗುತ್ತಾರೆ. ಹಿಂದೆ ಗೆರೆ ಎಳೆದಂತೆ ಹೊತ್ತಿಕೊಳ್ಳುತ್ತದೆ. ಈ ಕೊನೆಯ ಬೆಂಕಿ ಗಾಳಿಯ ಜೊತೆ ಓಡಿ, ನಡುವೆ ಹಳೆಯ ಕರಿ ನೆಲ ಸಿಕ್ಕಾಗ ತಾನೇ ಸಾಯುತ್ತದೆ. ಗಾಳಿ ಅರ್ಧ ದಾರಿಯಲ್ಲಿ ದಿಕ್ಕು ಬದಲಿಸಿದರೆ ಮುಗಿಯಿತು, ಪಕ್ಕದವರ ಬೇಲಿ, ಹುಲ್ಲಿನ ಬಣವೆ ಎಲ್ಲ ಹೋಗುತ್ತದೆ.

ಇಷ್ಟಕ್ಕೇ ಕಥೆ ನಿಂತಿದ್ದರೆ ಗೆದ್ದವರು ದನದ ಮಾಲೀಕರು. ಆದರೆ 1970, 80ರ ದಶಕಗಳಲ್ಲಿ ಹೊಸ ಪದ್ಧತಿ ಬಂತು. ಇಡೀ ಗಾವಲು ಏಪ್ರಿಲ್‌ನಲ್ಲಿ ಸುಡುವುದು, ಮೇ ತಿಂಗಳಿನಿಂದ ಮೂರು ತಿಂಗಳ ಒಳಗೆ ಎರಡರಷ್ಟು ಹೋರಿ ಮೇಯಿಸಿ ಸಾಗಿಸುವುದು. ಲಾಭ ಚೆನ್ನಾಗಿತ್ತು. ಏಟು ತಿಂದದ್ದು ಪ್ರೇರಿ ಕೋಳಿ. ಏಪ್ರಿಲ್ ಬೆಳಗಿನಲ್ಲಿ ಹುಂಜಗಳು ಬೋಳು ದಿಬ್ಬದ ಮೇಲೆ ಸೇರಿ, ಕತ್ತಿನ ಕಿತ್ತಳೆ ಚೀಲ ಉಬ್ಬಿಸಿ ಗುಮ್ಮೆನ್ನುತ್ತಾ ಕುಣಿಯುತ್ತವೆ. ನೋಡಲು ಜನ ಬೆಳಕು ಹರಿಯುವ ಮುಂಚೆಯೇ ಮರೆಯಲ್ಲಿ ಹೋಗಿ ಕೂರುತ್ತಾರೆ. ಕುಣಿಯಲು ಬೋಳು ನೆಲ ಬೇಕು, ಸರಿ. ಆದರೆ ಹೇಂಟೆಗೆ ಮೊಟ್ಟೆ ಇಡಲು ಹಿಂದಿನ ವರ್ಷದ ಒಣ ಹುಲ್ಲಿನ ಮರೆ ಬೇಕು. ಎಲ್ಲವನ್ನೂ ಸುಟ್ಟರೆ ಅದು ಎಲ್ಲಿಗೆ ಹೋಗಬೇಕು?

ಹಾಗಂತ ಸುಡುವುದು ಕಡಿಮೆ ಮಾಡಿ ಅನ್ನುವಂತೆಯೂ ಇಲ್ಲ. ಮ್ಯಾನ್ಹಾಟನ್ ಊರಿನ ಹತ್ತಿರ ಕೊಂಜಾ ಪ್ರೇರಿ ಎಂಬ ಸಂಶೋಧನಾ ಕೇಂದ್ರವಿದೆ. ನ್ಯೂಯಾರ್ಕ್‌ನದಲ್ಲ, ಕ್ಯಾನ್ಸಸ್‌ನದೇ ಒಂದು ಮ್ಯಾನ್ಹಾಟನ್. 1971ರಲ್ಲಿ ಶುರುವಾದ ಇಲ್ಲಿ ಒಂದು ಕಣಿವೆಯನ್ನು ಪ್ರತಿ ವರ್ಷ, ಇನ್ನೊಂದನ್ನು ಎರಡು ವರ್ಷಕ್ಕೆ, ಮತ್ತೊಂದನ್ನು ನಾಲ್ಕು ವರ್ಷಕ್ಕೆ, ಕೆಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಸುಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಸುಟ್ಟ ಕಡೆಯೂ ಪೊದೆ ನುಗ್ಗಿತು. ಇಪ್ಪತ್ತು ವರ್ಷ ಬಿಟ್ಟ ಕಡೆ ರೆಡ್ ಸೀಡರ್ ಮರ ಎದ್ದು ಕಾಡೇ ಆಯಿತು. ಎಳೆಯ ಸೀಡರ್ ಒಂದು ಬೆಂಕಿಗೆ ಸಾಯುತ್ತದೆ. ಅದೇ ಬೆಳೆದು ನೆರಳು ಬಿದ್ದರೆ ಕೆಳಗೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಬೆಂಕಿಗೆ ಸೌದೆಯಿಲ್ಲ. ಆಮೇಲೆ ಗರಗಸವೇ ಗತಿ.

ಬೆಂಕಿ ನಿಲ್ಲಿಸಿದಾಗ ಏನಾಗುತ್ತದೆ ಅನ್ನುವುದು ನಮಗೂ ಗೊತ್ತಿರುವ ವಿಷಯವೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಶುರುವಿಗೆ ತರಗು ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಬೆಟ್ಟ ವನ್ಯಧಾಮವಾಗಿ ಅದು ನಿಂತ ಮೇಲೆ ಲಂಟಾನ ಹಬ್ಬಿತು ಎಂದು ಸೋಲಿಗರು ಇವತ್ತಿಗೂ ಹೇಳುತ್ತಾರೆ. ಅದರ ಮೇಲೆ ಸಂಶೋಧನೆಯೂ ನಡೆದಿದೆ. ಕಾಡು ಬೇರೆ, ಹುಲ್ಲು ಬೇರೆ, ಆದರೆ ಬೆಂಕಿಯ ಬಗ್ಗೆ ಕೇಳಬೇಕಾದವರನ್ನು ಕೇಳದಿರುವ ಚಾಳಿ ಎರಡೂ ಕಡೆ ಒಂದೇ.

ಪ್ರೇರಿ ಕೋಳಿಯನ್ನೂ ಉಳಿಸಿ ಮರವನ್ನೂ ತಡೆಯುವ ಉಪಾಯ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದ ಸ್ಯಾಮ್ ಫುಲೆನ್‌ಡಾರ್ಫ್ ಮತ್ತು ಜೊತೆಗಾರರಿಂದ ಬಂತು. ಗಾವಲನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲು ಸುಡಿ. ಒಳಗೆ ಬೇಲಿ ಬೇಡ. ದನ ತಾನಾಗಿ ಸುಟ್ಟ ಕಡೆ ಹೋಗಿ ಮೇಯುತ್ತದೆ, ಉಳಿದ ಎರಡು ಪಾಲು ಹುಲ್ಲು ಎತ್ತರ ನಿಲ್ಲುತ್ತದೆ. ಹೊಸ ಹೆಸರಿಟ್ಟಿದ್ದಾರೆ ಅಷ್ಟೇ. ಇದು ಕಾನ್ಸಾ, ಒಸೇಜ್ ಜನರ ಚೂರುಚೂರು ನಕ್ಷೆಯೇ ಅಲ್ವಾ? ಚೇಸ್ ಕೌಂಟಿಯಲ್ಲಿರುವ ಟಾಲ್‌ಗ್ರಾಸ್ ಪ್ರೇರಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶದಲ್ಲಿ ಇದೇ ರೀತಿ ಸುಡುತ್ತಾರೆ.

ಆ ಜಾಗದ ಹುಟ್ಟೂ ಜಗಳದಿಂದಲೇ. 1961ರಲ್ಲಿ ಕೇಂದ್ರ ಸಚಿವ ಸ್ಟುವರ್ಟ್ ಉಡಾಲ್ ಪ್ರೇರಿ ಉದ್ಯಾನಕ್ಕೆ ಜಾಗ ನೋಡಲು ಹೆಲಿಕಾಪ್ಟರ್‌ನಲ್ಲಿ ಇಳಿದಾಗ, ಅಲ್ಲಿ ದನ ಮೇಯಿಸುತ್ತಿದ್ದ ಗುತ್ತಿಗೆದಾರ ಎದುರಿಗೆ ಬಂದು, ಮೊದಲು ನನ್ನ ಜಾಗದಿಂದ ಹೊರಡಿ ಎಂದುಬಿಟ್ಟ. ಸರ್ಕಾರ ಬಂದು ನೆಲ ಕಿತ್ತುಕೊಳ್ಳುತ್ತದೆ ಎಂಬ ಭಯ ಮೂವತ್ತು ವರ್ಷ ಕರಗಲಿಲ್ಲ. ಕೊನೆಗೆ 1996ರಲ್ಲಿ ಸುಮಾರು 11 ಸಾವಿರ ಎಕರೆ ಉದ್ಯಾನವಾದಾಗ, ಸರ್ಕಾರ 180 ಎಕರೆಗಿಂತ ಜಾಸ್ತಿ ತಾನೇ ಕೊಳ್ಳುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದರು. ಉಳಿದ ನೆಲ ಈಗ ದಿ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯದು. 2009ರಲ್ಲಿ ಅಲ್ಲಿಗೆ ಬೈಸನ್ ವಾಪಸ್ ಬಂತು.

ಕಾನ್ಸಾ ಜನರೂ ಬಂದಿದ್ದಾರೆ. ಈಗ ಅವರ ಹೆಸರು ಕಾ ನೇಷನ್. 2000ದಲ್ಲಿ ಕೌನ್ಸಿಲ್ ಗ್ರೋವ್ ಹತ್ತಿರ ತಮ್ಮದೇ ಹಳೆಯ ನೆಲದ ಒಂದು ತುಂಡನ್ನು ದುಡ್ಡು ಕೊಟ್ಟು ಕೊಂಡರು. 1929ರಲ್ಲಿ ಲಾರೆನ್ಸ್ ನಗರದವರು ಇವರ ಪವಿತ್ರ ಕೆಂಪು ಬಂಡೆಯನ್ನು ಹೊತ್ತೊಯ್ದು ಅದಕ್ಕೆ ವಲಸೆ ಬಂದ ಬಿಳಿಯರ ನೆನಪಿನ ಫಲಕ ಹೊಡೆದಿದ್ದರು. ತಮಾಷೆ ನೋಡಿ, ಅದೇ ವರ್ಷ ಅಮೆರಿಕದ ಉಪಾಧ್ಯಕ್ಷ ಆದವರು ಚಾರ್ಲ್ಸ್ ಕರ್ಟಿಸ್, ಬಾಲ್ಯದಲ್ಲಿ ಕೌನ್ಸಿಲ್ ಗ್ರೋವ್ ನೆಲದಲ್ಲಿ ಬೆಳೆದ ಕಾ ಮನುಷ್ಯ. ಆ 28 ಟನ್ ಬಂಡೆ 2024ರಲ್ಲಿ ಕಾ ಜನರ ನೆಲಕ್ಕೆ ಮರಳಿತು.

ಗುಡ್ಡಕ್ಕೆ ಈಗ ಬೇರೆ ಥರದ ಜನವೂ ಬರುತ್ತಾರೆ. ಜೂನ್ ಹೊತ್ತಿಗೆ ಎಂಪೋರಿಯಾ ಊರಿನಿಂದ ಜಲ್ಲಿ ರಸ್ತೆಯಲ್ಲಿ 200 ಮೈಲಿ ಸೈಕಲ್ ರೇಸ್ ನಡೆಯುತ್ತದೆ. 2006ರಲ್ಲಿ ಬೆರಳೆಣಿಕೆಯ ಸವಾರರಿಂದ ಶುರುವಾದದ್ದು ಈಗ ಸಾವಿರಾರು ಜನರ ಜಾತ್ರೆ. ನೇಗಿಲ ಗುಳ ಮುರಿದ ಚಕಮಕಿ ಕಲ್ಲು ಈಗ ಟೈರು ಸೀಳುತ್ತದೆ. ಪಂಕ್ಚರ್ ಆಗದೆ ಮುಗಿಸಿದವರು ಅದೃಷ್ಟವಂತರು.

ಇಷ್ಟೆಲ್ಲ ಗೊತ್ತಿದ್ದೂ ಬಹುಪಾಲು ಬೆಂಕಿ ಇನ್ನೂ ಏಪ್ರಿಲ್‌ನಲ್ಲೇ ಹತ್ತುತ್ತದೆ. ಎಲ್ಲರೂ ಅದೇ ಮೂರು ವಾರಗಳಲ್ಲಿ ಹಚ್ಚುವುದರಿಂದ ಹೊಗೆ ಒಟ್ಟಾಗಿ ಕ್ಯಾನ್ಸಸ್ ಸಿಟಿ, ನೆಬ್ರಾಸ್ಕಾದ ಲಿಂಕನ್ ಕಡೆ ಸಾಗಿ, ಅಲ್ಲಿನ ಗಾಳಿಯ ಮಾಲಿನ್ಯ ಕೆಲವು ಸಲ ಕಾನೂನಿನ ಮಿತಿ ಮೀರುತ್ತದೆ. 2010ರಲ್ಲಿ ರಾಜ್ಯ ಹೊಗೆ ಯೋಜನೆ ಮಾಡಿತು. ಇವತ್ತು ಹಚ್ಚಿದರೆ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಮಾಲೀಕರು ಈಗ ಮೊದಲೇ ನೋಡಿಕೊಳ್ಳಬಹುದು. ಶರತ್ಕಾಲದಲ್ಲೋ ಚಳಿಗಾಲದಲ್ಲೋ ಸುಟ್ಟರೂ ಹುಲ್ಲಿನ ಇಳುವರಿ ಕುಸಿಯುವುದಿಲ್ಲ ಎಂದು ಕೊಂಜಾದ ದೀರ್ಘ ಪ್ರಯೋಗಗಳು ತೋರಿಸಿವೆ. ಸೆರಿಸಿಯಾ ಲೆಸ್ಪಿಡೀಜಾ ಎಂಬ ಏಷ್ಯಾ ಮೂಲದ ಕಳೆಯಂತೂ ಏಪ್ರಿಲ್ ಬೆಂಕಿಗೆ ಬಗ್ಗುವುದೇ ಇಲ್ಲ. ದನವೂ ಮುಟ್ಟದ ಒಗರು ಗಿಡ ಅದು. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಬೀಜ ಕಟ್ಟುವ ಮುಂಚೆ ಸುಟ್ಟರೆ ತಗ್ಗುತ್ತದೆ. ಕೆಲವು ಮಾಲೀಕರು ಹಾಗೆ ಸುಡಲು ಶುರುಮಾಡಿದ್ದಾರೆ ಕೂಡ. ಉಳಿದವರ ಕಷ್ಟ ಹುಲ್ಲಿನದಲ್ಲ. ಎಷ್ಟೋ ಗಾವಲಿನ ಯಜಮಾನರು ದೂರದ ಊರುಗಳಲ್ಲಿದ್ದಾರೆ, ಮೇಯುವ ಹೋರಿ ಬೇರೆಯವರದು, ಗುತ್ತಿಗೆ ಒಂದು ಹಂಗಾಮಿನದು. ಮೂರು ವರ್ಷಕ್ಕೆ ಫಲ ಕೊಡುವ ಮೂರು ಪಾಲಿನ ಲೆಕ್ಕ ಆ ಕಾಗದದಲ್ಲಿ ಹಿಡಿಸುವುದಿಲ್ಲ. ಮೇ ತಿಂಗಳಿಗೆ ಹೋರಿ ಲಾರಿಯಿಂದ ಇಳಿಯುವಾಗ ಗಾವಲು ಪೂರ್ತಿ ಸುಟ್ಟಿರಬೇಕು ಅನ್ನುವ ಮಾತು ಈಗಲೂ ಚಾಲ್ತಿಯಲ್ಲಿದೆ.